ಕಿಟಕಿಯಿಲ್ಲದ ಕೋಣೆ

ಪ್ರವಾಸ ಮುಗಿಸಿ ಬಂದವರನ್ನು "ಹೆಂಗಾತ್ರಿ?" ಎಂದು ಕೇಳುವುದು ನಮ್ಮ ಕಡೆಯ ಪದ್ಧತಿ. ಉತ್ತರ ಮೊದಲೇ ಗೊತ್ತಿರುತ್ತದೆ. "ಭಾಳ ಚಲೋ ಆತು" ಎನ್ನಬೇಕು. ಬಸ್ಸು ಕೆಟ್ಟು ನಡುದಾರಿಯಲ್ಲಿ ನಿಂತಿರಲಿ, ದೇವರ ದರ್ಶನವೇ ಆಗದಿರಲಿ, ಚಲೋ ಆತು. ಖರ್ಚು ಮಾಡಿದವರು ನಮ್ಮ ಮಕ್ಕಳೇ ಆಗಿದ್ದರಂತೂ ಬೇರೆ ಮಾತಿಗೆ ಜಾಗವೇ ಇಲ್ಲ. 2023ರ ಡಿಸೆಂಬರಿನಲ್ಲಿ ಹಡಗಿನ ಪ್ರವಾಸ ಮುಗಿಸಿ ಬಂಕಾಪುರಕ್ಕೆ ಮರಳಿದಾಗ ಶಾಲೆಯ ಸಹೋದ್ಯೋಗಿಗಳಿಗೂ ಓಣಿಯವರಿಗೂ ನಾನು ಕೊಟ್ಟ ಉತ್ತರ ಅದೇ. ಇಲ್ಲಿ ಮಾತ್ರ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಮ್ಮದು ಸಮುದ್ರದ ಸೀಮೆಯಲ್ಲ. ಕೋಟೆಯೊಳಗೆ ನಗರೇಶ್ವರನ ಗುಡಿ, ಅದರ ಸಾಲು ಕಂಬಗಳು, ನಸುಕಿನಲ್ಲಿ ಕೂಗುವ ನವಿಲುಗಳು, ಊರ ಸುತ್ತ ಗೋವಿನಜೋಳದ ಹೊಲ. ಸಮುದ್ರ ಬೇಕೆಂದರೆ ಘಟ್ಟ ಇಳಿದು ಕಾರವಾರಕ್ಕೋ ಗೋಕರ್ಣಕ್ಕೋ ಹೋಗಬೇಕು. ಎಂಬತ್ತರ ಹತ್ತಿರ ಬಂದ ನಮ್ಮ ಅತ್ತೆ ಅಷ್ಟು ದೂರವೂ ಹೋದವರಲ್ಲ. ಮೊದಲು ಒಕ್ಕಲುತನ, ಆಮೇಲೆ ಮೊಮ್ಮಕ್ಕಳು. "ಸೂರ್ಯ ನೀರಾಗ ಮುಳಗೂದು ಒಮ್ಮೆ ನೋಡಬೇಕವ್ವಾ" ಎಂದು ಆಗಾಗ ಅನ್ನುತ್ತಿದ್ದರು. ಪುಣೆಯಲ್ಲಿ ನೌಕರಿಯಲ್ಲಿರುವ ಮಗ ಅದನ್ನು ನೆನಪಿಟ್ಟಿದ್ದ. ಮೂರು ದೀಪಾವಳಿಗೆ ಅವನಿಗೆ ಊರಿಗೆ ಬರಲಾಗಿರಲಿಲ್ಲ. ಎಲ್ಲ ಬಾಕಿಯನ್ನೂ ಒಮ್ಮೆಗೇ ತೀರಿಸುವವನಂತೆ, ಮುಂಬೈಯಿಂದ ಗೋವಾಕ್ಕೆ ಹೋಗಿಬರುವ ಹಡಗಿನಲ್ಲಿ ಎರಡು ರಾತ್ರಿಗೆಂದು ಏಳು ಜನರ ಟಿಕೇಟು ತೆಗೆಸಿದ. ದುಡ್ಡು ಕಂತಿನದು ಎಂಬುದು ಸೊಸೆಯ ಬಾಯಿಂದ ಆಮೇಲೆ ತಿಳಿಯಿತು.

ಹಿಂದೆ ಕಾರವಾರದ ಜನ ಹಡಗು ಹತ್ತಿ ಮುಂಬೈಗೆ ಹೋಗುತ್ತಿದ್ದರು. ಆ ಹಡಗು ಊರು ಮುಟ್ಟಿಸುವ ಹಡಗು. ನಾವು ಹತ್ತಿದ್ದು ಎಲ್ಲಿಯೂ ಮುಟ್ಟಿಸಬೇಕಾಗಿಲ್ಲದ ಹಡಗು. ಮೋಜಿನ ಈ ಯಾನಕ್ಕೂ ಒಂದು ಇತಿಹಾಸವಿದೆ. ಅಟ್ಲಾಂಟಿಕ್ ದಾಟುವವರು ಚಳಿಗಾಲದಲ್ಲಿ ಕಡಿಮೆಯಾಗುತ್ತಾರೆಂದು ಜರ್ಮನಿಯ ಆಲ್ಬರ್ಟ್ ಬ್ಯಾಲಿನ್ ಎಂಬಾತ 1891ರ ಜನವರಿಯಲ್ಲಿ ತನ್ನ ಕಂಪನಿಯ ಹಡಗನ್ನು ಮೆಡಿಟರೇನಿಯನ್ ಸಮುದ್ರ ಸುತ್ತಲು ಕಳಿಸಿದ. ಖಾಲಿ ನಿಲ್ಲುವ ಹಡಗಿಗೆ ಕೆಲಸ ಹುಡುಕಿದ ವ್ಯಾಪಾರಿಯ ಜಾಣತನ ಅದು. ಹಡಗಿನ ಸೌಖ್ಯ ಮೊದಲು, ಹತ್ತಿದವರ ಸೌಖ್ಯ ಆಮೇಲೆ ಎಂದು ನನಗೆ ಎರಡು ದಿನ ಅನಿಸಿದ್ದಕ್ಕೆ ಇದೂ ಒಂದು ಕಾರಣವಿದ್ದೀತು.

ನಮಗೆ ಸಿಕ್ಕ ಕೋಣೆಗಳು ಹಡಗಿನ ಒಳಮಗ್ಗುಲಿನವು. ಹಾಸಿಗೆ ಚಲೋ, ಬಿಸಿನೀರು ಚಲೋ, ಕಿಟಕಿ ಇಲ್ಲ. ಕಿಟಕಿಗೆ ಬೇರೆ ದರ, ಬಾಲ್ಕನಿಗೆ ಇನ್ನೂ ಬೇರೆ. ಅತ್ತೆ ನಾಲ್ಕೂ ಗೋಡೆ ನೋಡಿ, "ಸಮುದ್ರ ಯಾವ ಕಡೆ ಐತಿ?" ಎಂದರು. ಯಾರಿಗೂ ಕೈ ತೋರಿಸಲು ಆಗಲಿಲ್ಲ.

ಆ ರಾತ್ರಿ ಅತ್ತೆಗೆ ವಾಂತಿ ಶುರುವಾಯಿತು. ನಮ್ಮ ಕಿವಿಯೊಳಗೆ ದೇಹದ ತೂಕ ಕಾಯುವ ಒಂದು ಅಂಗವಿದೆ, ಮಕ್ಕಳಿಗೆ ಪಾಠದಲ್ಲಿ ಹೇಳುತ್ತೇವೆ. ಹಡಗು ತೂಗುವುದನ್ನು ಕಿವಿ ಹೇಳುತ್ತದೆ, ಗೋಡೆ ನಿಂತಿದೆ ಎಂದು ಕಣ್ಣು ಹೇಳುತ್ತದೆ. ಎರಡರ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ದೂರದ ದಿಗಂತ ಕಣ್ಣಿಗೆ ಕಂಡರೆ ಅರ್ಧ ಸಂಕಟ ಇಳಿದೀತು. ಕಿಟಕಿಯಿಲ್ಲದ ಕೋಣೆಯಲ್ಲಿ ದಿಗಂತ ಎಲ್ಲಿಂದ ತರುವುದು? ಲಿಂಬೆಹಣ್ಣು ಮೂಸಿಸುತ್ತ ಕುಳಿತೆ.

ಇನ್ನು ಸೂರ್ಯನ ವಿಷಯ. ಮೊದಲ ಸಂಜೆ ಹಡಗು ಬಿಡುವ ಹೊತ್ತಿಗೆ ಎಲ್ಲರನ್ನೂ ಒಂದು ಕಡೆ ಸೇರಿಸಿ ಜೀವರಕ್ಷಕ ಜಾಕೀಟಿನ ಪಾಠ ಹೇಳಿದರು. ಅದಕ್ಕೆ ನನ್ನ ತಕರಾರಿಲ್ಲ. 2012ರಲ್ಲಿ ಇಟಲಿಯ ದಂಡೆಯ ಹತ್ತಿರ ಕೋಸ್ಟಾ ಕಾನ್ಕಾರ್ಡಿಯಾ ಎಂಬ ಹಡಗು ಬಂಡೆಗೆ ಬಡಿದು 32 ಜನ ಸತ್ತ ಮೇಲೆ, ಇಂಥ ಹಡಗು ಹೊರಡುವ ಮುಂಚೆ ಇಲ್ಲವೇ ಹೊರಟ ಕೂಡಲೇ ಈ ಪಾಠ ಆಗಲೇಬೇಕೆಂಬ ನಿಯಮ 2015ರಿಂದ ಬಂದಿದೆ. ಪಾಠ ಮುಗಿದಾಗ ಹೊರಗೆ ಕತ್ತಲಾಗಿತ್ತು. ಮರುದಿನ ಗೋವಾದಲ್ಲಿ ಕೆಲವೇ ತಾಸು ನಿಲುಗಡೆ. ತಿರುಗಾಡಿಸುವ ಬಸ್ಸಿಗೆ ಬೇರೆ ದುಡ್ಡು, ಇಳಿಯಲು ಉದ್ದನೆಯ ಸಾಲು. ಅತ್ತೆ ಇಳಿಯಲಿಲ್ಲ, ಅವರ ಜೊತೆ ನಾನೂ ಇಳಿಯಲಿಲ್ಲ. ಆ ಸಂಜೆ ಸರಿಯಾಗಿ ಸೂರ್ಯ ಇಳಿಯುವ ಹೊತ್ತಿಗೇ ನಮ್ಮ ಊಟದ ಪಾಳಿ. ತಪ್ಪಿದರೆ ಮತ್ತೆ ಯಾವಾಗ ಎಂದು ಹೇಳುವವರಿಲ್ಲ. ಎರಡು ಸಂಜೆ ಸಮುದ್ರದ ಮೇಲಿದ್ದೂ ಸೂರ್ಯ ಮುಳುಗಿದ್ದು ನಮಗೆ ಕಾಣಲಿಲ್ಲ.

ಇವೆಲ್ಲ ಸಣ್ಣವು. ಇದಕ್ಕಿಂತ ದೊಡ್ಡದೊಂದನ್ನು ಹೆಣ್ಣುಮಕ್ಕಳಾದ ನೀವು ಬೇಗ ತಿಳಿಯುತ್ತೀರಿ. ಹಡಗಿನಲ್ಲಿ ಒಲೆ ಇರಲಿಲ್ಲ, ಮುಸುರೆ ಇರಲಿಲ್ಲ. ನನಗೂ ಸೊಸೆಗೂ ಪೂರ್ತಿ ರಜೆ ಎಂದು ಮಗ ಹಿಗ್ಗಿದ್ದ. ಆದರೆ ಎಲ್ಲರ ಮೋರೆ ನೋಡುವ ಕೆಲಸ ನಮ್ಮ ಪಾಲಿಗೇ ಉಳಿದಿತ್ತು. ಮೊಮ್ಮಗಳು ಮಕ್ಕಳ ಆಟದ ಕೋಣೆಯಲ್ಲಿ, ಮಗಳು ಈಜುಕೊಳದ ಹತ್ತಿರ, ಮನೆಯವರು ನಿದ್ದೆಯಲ್ಲಿ, ಮಗ ಫೋನಿಗೆ ಸಿಗ್ನಲ್ ಹುಡುಕುತ್ತ ಮೇಲೆ ಕೆಳಗೆ. ಒಂದೇ ಹಡಗಿನಲ್ಲಿ ಏಳು ಜನ ಏಳು ಕಡೆ. ಊಟದ ಮೇಜಿಗೆ ಬಂದಾಗ ಅವನು ಒಬ್ಬೊಬ್ಬರ ಮುಖ ನೋಡುತ್ತಿದ್ದ. "ಖುಷಿ ಆತಿಲ್ಲವ್ವಾ?" ಎಂದು ಕೇಳಿದ. "ಆತಪ್ಪಾ" ಎಂದೆ. ಎರಡು ವರ್ಷ ಕಂತು ಕಟ್ಟುವವನಿಗೆ ತಾಯಿ ಕೊಡಬಹುದಾದ ಉತ್ತರ ಅದೊಂದೇ. ಸೊಸೆಯೂ ನಕ್ಕಳು. ಹೊಟ್ಟೆ ತೊಳಸುತ್ತಿದ್ದ ಅತ್ತೆಯೂ ಮೊಮ್ಮಗನ ಮುಖ ನೋಡಿ ಒಂದು ತುತ್ತು ಅನ್ನ ಬಾಯಿಗಿಟ್ಟರು. ಸಂತೋಷಪಡಲೇಬೇಕೆಂಬ ಒತ್ತಾಯ ನೂರು ರೊಟ್ಟಿ ಬಡಿಯುವುದಕ್ಕಿಂತ ದಣಿವು ತರುತ್ತದೆ.

ಕೊನೆಯ ದಿನ ನಸುಕಿನಲ್ಲಿ ಅತ್ತೆಯನ್ನು ಕೈಹಿಡಿದು ಮೇಲಿನ ಅಟ್ಟಕ್ಕೆ ಕರೆದೊಯ್ದೆ. ಅಲ್ಲಿ ಸೊಸೆ ಒಬ್ಬಳೇ ಕಟಕಟೆಗೆ ಒರಗಿ ನಿಂತಿದ್ದಳು. ನಮ್ಮನ್ನು ಕಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅತ್ತೀ, ಸಿಟ್ಟಾಗಬ್ಯಾಡ್ರಿ, ನನಗಂತೂ ಸಾಕಾಗೇತಿ" ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ನಾಲ್ಕು ವರ್ಷಗಳಲ್ಲಿ ಅವಳು ನನ್ನೆದುರು ಅಷ್ಟು ಸಲೀಸಾಗಿ ಮಾತಾಡಿದ್ದೇ ಇಲ್ಲ. ಪೂರ್ವಕ್ಕೆ, ನೆಲದ ಕಡೆಯಿಂದ, ಸೂರ್ಯ ಎದ್ದ. ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಇಂವ ನಮ್ಮ ಹೊಲದಾಗೂ ಹಿಂಗ ಏಳತಾನ" ಎಂದರು. ಮೂವರೂ ಅಲ್ಲೇ ಕುಳಿತು ಚಹಾ ಕುಡಿದೆವು. ಎರಡು ದಿನಗಳಲ್ಲಿ ರುಚಿ ಹತ್ತಿದ್ದು ಆ ಚಹಾ ಒಂದೇ.

ಮಗನ ಪ್ರೀತಿಯಲ್ಲಿ ಏನೂ ಕೊರತೆಯಿರಲಿಲ್ಲ. ಈಗಿನ ಮಕ್ಕಳಿಗೆ ದುಡ್ಡಿಗಿಂತ ದಿನಗಳ ಬಡತನ. ಆದ್ದರಿಂದ ಅವರು ದಿನದ ಬದಲು ದುಡ್ಡು ಕೊಡುತ್ತಾರೆ, ನಾವು ಬಾಯಿ ಮುಚ್ಚಿ ತೆಗೆದುಕೊಳ್ಳುತ್ತೇವೆ. ಹೀಗಾದರೆ ಬಾಕಿ ಎರಡೂ ಕಡೆ ಬೆಳೆಯುತ್ತದೆ. ಕಳೆದ ಯುಗಾದಿಗೆ ಮಗ ಫೋನು ಮಾಡಿ, "ಈ ಸಲ ಎಲ್ಲಿಗೆ ಹೋಗೂಣವ್ವಾ?" ಎಂದ. "ನಾಲ್ಕು ದಿನ ರಜೆ ತಗೊಂಡು ಊರಿಗೆ ಬಾ. ಗೋಕರ್ಣಕ್ಕೆ ಬಸ್ಸಿನಾಗ ಹೋಗಿ ಬರೂಣು. ಅಮ್ಮಗ ಸೂರ್ಯ ಮುಳಗೂದು ಇನ್ನೂ ಕಂಡಿಲ್ಲ" ಎಂದೆ. ಅವನು ಒಂದು ಕ್ಷಣ ಸುಮ್ಮನಾದ. ಆಮೇಲೆ, "ಬುತ್ತಿ ಕಟ್ಟತಿ?" ಎಂದು ಕೇಳಿದ.