ಗುಂಡಿನ ತೂಕ

ಗುಂಡು ಎಂದರೆ ನಮ್ಮ ಕಡೆಯ ಹೆಂಗಸರಿಗೆ ಮೊದಲು ನೆನಪಾಗುವುದು ತಾಳಿಯ ಅಕ್ಕಪಕ್ಕ ಪೋಣಿಸುವ ಚಿನ್ನದ ಗುಂಡು. ಅದು ಬಿಟ್ಟರೆ ಒರಳಿನ ಗುಂಡು. ಕೋವಿಯ ಗುಂಡು ಮೂರನೆಯದು. ಅದು ಗಂಡಸರ ಬಾಬತ್ತು ಎಂದು ನಾವು ಅದರ ಗೊಡವೆಗೆ ಹೋಗುವುದಿಲ್ಲ. ತೀರ್ಥಹಳ್ಳಿ ಸೀಮೆಯ ನನ್ನ ತವರಿನಲ್ಲಿ ಬೆಳೆ ಕಾಯುವುದಕ್ಕೆಂದು ಲೈಸೆನ್ಸು ಪಡೆದ ಒಂದು ಕೇಪಿನ ಕೋವಿ ಇತ್ತು. ಚುನಾವಣೆ ಬಂತೆಂದರೆ ಅಪ್ಪಯ್ಯ ಅದನ್ನು ಗೋಣಿ ತಾಟಿನಲ್ಲಿ ಸುತ್ತಿಕೊಂಡು ಹೋಗಿ ಪೊಲೀಸ್ ಠಾಣೆಗೆ ಒಪ್ಪಿಸುತ್ತಿದ್ದರು, ಮುಗಿದ ಮೇಲೆ ರಸೀತಿ ತೋರಿಸಿ ತರುತ್ತಿದ್ದರು. ಹಕ್ಕಿಗಾದರೆ ಸಣ್ಣ ಚರೆ, ಹಂದಿಗಾದರೆ ಒಂಟಿ ಗುಂಡು ಎಂದು ಅವರು ಜಗಲಿಯಲ್ಲಿ ಹೇಳುತ್ತಿದ್ದುದು ಕಿವಿಗೆ ಬಿದ್ದಿತ್ತು. ಕೋವಿಯ ವಿಷಯದಲ್ಲಿ ನನ್ನ ವಿದ್ಯೆ ಅಷ್ಟೇ. ಗುಂಡಿಗೂ ಒಂದು ತೂಕ, ಆ ತೂಕವನ್ನು ಆರಿಸುವುದರಲ್ಲಿ ಇಷ್ಟೊಂದು ಲೆಕ್ಕಾಚಾರ ಇದೆ ಎಂದು ಗೊತ್ತಾದದ್ದು ದೂರದ ಅಮೆರಿಕದಲ್ಲಿ, ಎಪ್ಪತ್ತು ದಾಟಿದ ಒಬ್ಬ ಅಜ್ಜಿಯಿಂದ.

2022ರಲ್ಲಿ ಬೇಸಿಗೆ ರಜೆಗೆ ಗಳಿಕೆ ರಜೆಯನ್ನೂ ಸೇರಿಸಿ ಮಗಳ ಬಾಣಂತನಕ್ಕೆ ಹೋಗಿದ್ದೆ. ಅವರಿರುವುದು ಸೌತ್ ಡಕೋಟ ರಾಜ್ಯದ ಪಶ್ಚಿಮಕ್ಕೆ, ರ‍್ಯಾಪಿಡ್ ಸಿಟಿಯಿಂದ ಹೊರಗೆ. ಅಮೆರಿಕ ಎಂದಾಗ ನಮ್ಮ ಕಣ್ಣ ಮುಂದೆ ಬರುವ ಗಗನಚುಂಬಿ ಕಟ್ಟಡ ಒಂದೂ ಅಲ್ಲಿಲ್ಲ. ಕಣ್ಣು ಹಾಯಿಸಿದಷ್ಟು ದೂರ ಹುಲ್ಲು, ಮೇಲೆ ಆಕಾಶ, ನಡುವೆ ತಂತಿ ಬೇಲಿ. ಅರ್ಧ ಮೈಲಿ ಆಚೆಗೆ ಪಕ್ಕದ ಮನೆ. ಆ ಮನೆಯ ಅಜ್ಜಿ ಮಗು ನೋಡಲು ಬಂದವರು ನನ್ನ ಹರಕುಮುರುಕು ಇಂಗ್ಲಿಷಿಗೆ ಬೇಸರಿಸದೆ ಗೆಳತಿಯಾದರು. ಗಂಡ ತೀರಿಹೋಗಿ ಎಂಟು ವರ್ಷ. ದನಗಳನ್ನು ತಾವೇ ನೋಡಿಕೊಳ್ಳುತ್ತಾರೆ. ಪ್ರೈರಿ ಡಾಗ್‌ಗಳನ್ನು ಹೊಡೆಯುವುದೂ ಅವರೇ.

ಹೆಸರಿನಲ್ಲಿ ನಾಯಿ ಇದ್ದರೂ ಪ್ರೈರಿ ಡಾಗ್ ಅಳಿಲಿನ ಬಳಗದ್ದು. ಬೊಗಳಿದಂತೆ ಕೂಗುವುದರಿಂದ ಆ ಹೆಸರು ಬಂದಿದೆ. ಒಂದು ಕಿಲೋ ತೂಗುವ, ಗೋಧಿ ಬಣ್ಣದ ಪ್ರಾಣಿ. ನೂರಾರು ಸೇರಿ ನೆಲದಡಿಯಲ್ಲಿ ಊರನ್ನೇ ಕಟ್ಟುತ್ತವೆ. ಬಿಲದ ಬಾಯಲ್ಲಿ ಎರಡು ಕಾಲ ಮೇಲೆ ನಿಂತು, ಮುಂಗಾಲುಗಳನ್ನು ಎದೆಗೆ ಒತ್ತಿಕೊಂಡು ನೋಡುವ ಭಂಗಿ ನಮ್ಮ ಒಂದನೆಯ ತರಗತಿಯ ಮಕ್ಕಳು ಪ್ರಾರ್ಥನೆಗೆ ನಿಂತಂತೆಯೇ ಇರುತ್ತದೆ. ನೋಡಲು ಮುದ್ದು. ಆದರೆ ದನ ಮೇಯಬೇಕಾದ ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸುತ್ತವೆ. ಹೀಗೆ ಬೆಳೆಗೆ, ಹುಲ್ಲಿಗೆ ಉಪದ್ರವ ಕೊಡುವ ಪ್ರಾಣಿಗೆ ಇಂಗ್ಲಿಷಿನಲ್ಲಿ ವರ್ಮಿನ್ ಎನ್ನುತ್ತಾರೆ. ಅಲ್ಲಿನ ಹಳ್ಳಿಗರ ಬಾಯಲ್ಲಿ ಅದು ವಾರ್ಮಿಂಟ್ ಆಗಿದೆ. ನಮ್ಮ 1972ರ ವನ್ಯಜೀವಿ ಕಾಯ್ದೆಯಲ್ಲೂ ಇಂಥದೊಂದು ಪಟ್ಟಿ ಇತ್ತು. ಕಾಗೆ, ಹಣ್ಣಿನ ಬಾವಲಿ, ಇಲಿಗಳು ಅದರಲ್ಲಿದ್ದವು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು.

ಅಜ್ಜಿ ತೋಟಾಗಳನ್ನು ಅಂಗಡಿಯಿಂದ ತರುವುದು ಕಡಿಮೆ. ಕೋವಿಡ್ ವರ್ಷಗಳಲ್ಲಿ ಅವು ಸಿಗುತ್ತಲೂ ಇರಲಿಲ್ಲವಂತೆ. ಖಾಲಿ ಹಿತ್ತಾಳೆ ಕೊಳವೆಗಳನ್ನು ಜೋಪಾನವಾಗಿ ಎತ್ತಿಟ್ಟು, ಮದ್ದು ತುಂಬಿ, ಹೊಸ ಗುಂಡು ಕೂರಿಸಿ, ತಾವೇ ತಯಾರಿಸಿಕೊಳ್ಳುತ್ತಾರೆ. ಕಾರು ನಿಲ್ಲಿಸುವ ಕೊಠಡಿಯ ಮೂಲೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಪುಟ್ಟ ತಕ್ಕಡಿ. ಅದನ್ನು ಕಂಡು ನನಗೆ ನಮ್ಮೂರಿನ ಅಕ್ಕಸಾಲಿಗರ ಅಂಗಡಿ ನೆನಪಾಯಿತು. ಕೆಲಸ ಮುಗಿಸಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆಯದೆ ಅವರು ಒಲೆಯ ಹತ್ತಿರ ಹೋಗುವುದಿಲ್ಲ. ಸೀಸ ಮುಟ್ಟಿದ ಕೈ ಅಡಿಗೆಮನೆಗೆ ಬರಕೂಡದು. ನಮ್ಮ ಅಮ್ಮನ ಮಡಿ ಇದರ ಮುಂದೆ ಏನೂ ಅಲ್ಲ.

ಆ ತಕ್ಕಡಿಯ ಅಳತೆ ಗ್ರೇನ್. ಗ್ರೇನ್ ಎಂದರೆ ಕಾಳು. ಹಿಂದೆ ಒಂದು ಬಾರ್ಲಿ ಕಾಳಿನ ತೂಕವನ್ನು ಲೆಕ್ಕಕ್ಕೆ ಹಿಡಿದು ಹುಟ್ಟಿದ ಅಳತೆ. ಏಳು ಸಾವಿರ ಗ್ರೇನ್ ಸೇರಿದರೆ ಒಂದು ಪೌಂಡು. ಇದು ನಮಗೆ ಅಪರಿಚಿತವಲ್ಲ. ನಮ್ಮ ತೊಲವನ್ನು ಬ್ರಿಟಿಷರು 1833ರಲ್ಲಿ 180 ಗ್ರೇನ್ ಎಂದೇ ನಿಗದಿ ಮಾಡಿದ್ದು. ತೊಲಕ್ಕೆ 96 ಗುಲಗಂಜಿ. ಹಾಗಾದರೆ ಒಂದು ಗುಲಗಂಜಿ ಎರಡು ಗ್ರೇನಿಗೆ ಚೂರು ಕಡಿಮೆ. ಅವರದೂ ಬೀಜ, ನಮ್ಮದೂ ಬೀಜ. ಅಜ್ಜಿಯ ಪೆಟ್ಟಿಗೆಯಲ್ಲಿದ್ದ 40 ಗ್ರೇನಿನ ಗುಂಡು ಇಪ್ಪತ್ತೊಂದು ಗುಲಗಂಜಿ, ಎಂದರೆ ಸುಮಾರು ಎರಡೂವರೆ ಗ್ರಾಂ. 55 ಗ್ರೇನಿನದು ಮೂರೂವರೆ ಗ್ರಾಂ, ಒಂದು ಸಾಧಾರಣ ಉಂಗುರದಷ್ಟು. ಇನ್ನೂ ಸಣ್ಣ ನಳಿಗೆಯ ಒಂದು ಬಂದೂಕು 2002ರಲ್ಲಿ ಬಂದಿತು. ಅದರ ಗುಂಡು 17 ಗ್ರೇನು. ಮೂಗುಬಟ್ಟಿನಷ್ಟು! ಇದನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸಿದಾಗ ಅಜ್ಜಿ ಚಿಕ್ಕ ಹುಡುಗಿಯಂತೆ ನಕ್ಕರು.

“ಇಷ್ಟು ಸಣ್ಣದರಲ್ಲಿ 40 ಏನು, 55 ಏನು?” ಎಂದು ಕೇಳಿದೆ. ಒಂದು ಗ್ರಾಮಿನ ವ್ಯತ್ಯಾಸಕ್ಕೆ ಚಿನ್ನದಂಗಡಿಯಲ್ಲಿ ಬೆಲೆ ಇರಬಹುದು, ಕೋವಿಯಲ್ಲಿ ಏನಿದ್ದೀತು ಎಂದು ನನ್ನ ಎಣಿಕೆ. ಅಜ್ಜಿ ಉತ್ತರ ಹೇಳುವುದಕ್ಕೆ ಒಂದು ಸಂಜೆ ಹಿಡಿಯಿತು.

ಅವರ ರೈಫಲ್ಲಿನ ನಳಿಗೆಯ ಒಳಗೆ ಸ್ಕ್ರೂವಿಗೆ ಇರುವಂತೆ ತಿರುಪು ಗೆರೆಗಳಿವೆ. ಗುಂಡು ಆ ಗೆರೆಗಳ ಜಾಡಿನಲ್ಲಿ ತಿರುಗುತ್ತಾ ಹೊರಬೀಳುತ್ತದೆ. ತಿರುಗುವ ಬುಗುರಿ ನೆಟ್ಟಗೆ ನಿಲ್ಲುವಂತೆ ತಿರುಗುವ ಗುಂಡು ನೆಟ್ಟಗೆ ಹೋಗುತ್ತದೆ. ಅವರ ನಳಿಗೆಯಲ್ಲಿ ಹನ್ನೆರಡು ಅಂಗುಲಕ್ಕೆ ಒಂದು ಸುತ್ತು. 55 ಗ್ರೇನಿನ ಗುಂಡು ಸೆಕೆಂಡಿಗೆ ಸುಮಾರು 3,200 ಅಡಿ ಹೋಗುತ್ತದೆ ಎಂದ ಮೇಲೆ, ಹನ್ನೆರಡು ಅಂಗುಲ ಒಂದು ಅಡಿಯಾದ್ದರಿಂದ, ಸೆಕೆಂಡಿಗೆ 3,200 ಸುತ್ತು; ನಿಮಿಷಕ್ಕೆ 1,92,000 ಸುತ್ತು. ನಮ್ಮ ಅಡಿಗೆಮನೆಯ ಮಿಕ್ಸಿ ನಿಮಿಷಕ್ಕೆ ಹದಿನೆಂಟು ಸಾವಿರ ಸುತ್ತು ತಿರುಗಿದರೆ ಹೆಚ್ಚು. ಮಿಕ್ಸಿಯ ಹತ್ತು ಪಟ್ಟು! ತೂಕ ಹೆಚ್ಚಿದಂತೆ ಗುಂಡು ಉದ್ದವಾಗುತ್ತದೆ, ಉದ್ದವಾದಷ್ಟು ಅದಕ್ಕೆ ಬಿಗಿಯಾದ ತಿರುಪು ಬೇಕು. ಅಜ್ಜಿಯ ನಳಿಗೆಯಲ್ಲಿ 69 ಗ್ರೇನಿನ ಉದ್ದ ಗುಂಡು ಹಾಕಿದರೆ ಸೋತ ಬುಗುರಿಯಂತೆ ತೂರಾಡಿ ಅಡ್ಡಡ್ಡಲಾಗಿ ಹೋಗಿ ಬೀಳುತ್ತದೆ. ಅವರ ಗಂಡ ಒಮ್ಮೆ ಪರೀಕ್ಷೆಗೆ ಹೊಡೆದ ಕಾಗದವನ್ನು ತೋರಿಸಿದರು. ದುಂಡನೆಯ ತೂತು ಇರಬೇಕಾದಲ್ಲಿ ಬೀಗದ ಕೈ ತೂರಿಸುವ ಕಂಡಿಯಂಥ ಉದ್ದ ಹರಕು.

ಆದ್ದರಿಂದ ಮೇಲಿನ ಮಿತಿಯನ್ನು ನಳಿಗೆಯೇ ಹಾಕಿಬಿಡುತ್ತದೆ. ಅದರ ಒಳಗೆ 40 ಬೇಕೋ 55 ಬೇಕೋ ಎಂಬುದು ಹೊಡೆಯುವವರ ವಿವೇಚನೆ. ಗಾಳಿ ಇರುವ ದಿನ 55 ಒಳ್ಳೆಯದು, ಹಗುರವಾದದ್ದನ್ನು ಗಾಳಿ ಪಕ್ಕಕ್ಕೆ ತಳ್ಳುತ್ತದೆ. ಆ ಬಯಲಲ್ಲಿ ಗಾಳಿಯಿಲ್ಲದ ದಿನ ಯಾವುದು, ನಾನಂತೂ ಕಾಣೆ. ಆದರೂ ಅಜ್ಜಿಯ ಕೈ ಹೋಗುವುದು 40ರ ಪೆಟ್ಟಿಗೆಗೇ. ಕಾರಣ ಅವರ ಜಮೀನಿನಲ್ಲಿ ಪ್ರೈರಿ ಡಾಗ್‌ಗಳ ಊರಿನ ಆಚೆಗೆ ದನಗಳಿವೆ, ದನಗಳ ಆಚೆಗೆ ಒಂದು ರಸ್ತೆ ಇದೆ. ಹಗುರ ಗುಂಡಿನ ಮೇಲಿನ ತಾಮ್ರದ ಹೊದಿಕೆ ತೆಳು, ಒಳಗೆ ಸೀಸ, ವೇಗ ಸೆಕೆಂಡಿಗೆ 3,600 ಅಡಿಗೂ ಮೇಲೆ. ಆ ವೇಗದಲ್ಲಿ, ಆ ತಿರುಗಾಟದಲ್ಲಿ ಹುಲ್ಲು ಬುಡದ ಮಣ್ಣಿಗೆ ತಾಗಿದರೂ ಸಾಕು, ಪುಡಿಪುಡಿಯಾಗಿ ಅಲ್ಲೇ ಮುಗಿಯುತ್ತದೆ. ಹಾರಿ ಮುಂದಕ್ಕೆ ಹೋಗುವುದು ಅಪರೂಪ.

ತೂಕವೊಂದೇ ಸಾಲದು ಎಂಬುದನ್ನೂ ಆ ದಿನವೇ ಕಲಿತೆ. ಮಕ್ಕಳು ಡಬ್ಬಿಗೆ ಗುರಿಯಿಟ್ಟು ಕಲಿಯುವ ಪುಟ್ಟ ಇಪ್ಪತ್ತೆರಡರ ಗುಂಡೂ 40 ಗ್ರೇನೇ. ಆದರೆ ಅದರ ವೇಗ ಸೆಕೆಂಡಿಗೆ 1,200 ಅಡಿಯ ಆಸುಪಾಸು. ನಿಧಾನವಾಗಿ ಹೋಗುವುದರಿಂದ ಒಡೆಯುವುದಿಲ್ಲ. ಕಲ್ಲಿಗೆ, ಗಟ್ಟಿ ನೆಲಕ್ಕೆ ತಾಗಿ ಕೆರೆಯ ಮೇಲೆ ಎಸೆದ ಬಿಲ್ಲೆಯಂತೆ ಪುಟಿದು ಎತ್ತಲೋ ಹೋಗುತ್ತದೆ. ಒಂದೂವರೆ ಮೈಲಿ ಹೋಗಬಲ್ಲದು ಎಂದು ಪೆಟ್ಟಿಗೆಯ ಮೇಲೆಯೇ ಅಚ್ಚು ಹಾಕಿದ್ದಾರೆ. ಅಜ್ಜಿ ಪ್ರೈರಿ ಡಾಗ್‌ಗೆ ಅದನ್ನು ಮುಟ್ಟುವುದಿಲ್ಲ. ರಸ್ತೆಯ ಭಯ ಒಂದು ಕಾರಣ. ಇನ್ನೊಂದು, ದೂರದಿಂದ ಹೊಡೆದರೆ ಅದು ಕೊಲ್ಲದೆ ಬರಿಯ ಗಾಯ ಮಾಡಬಹುದು. ಗಾಯಗೊಂಡದ್ದು ಬಿಲಕ್ಕೆ ಇಳಿಯುತ್ತದೆ. “ಬಿಲದೊಳಗೆ ಅದಕ್ಕೆ ಎಷ್ಟು ದಿನ ಬೇಕಾಗುತ್ತದೋ ನಾನು ಎಣಿಸಲಾರೆ” ಎಂದರು. ಮರಿಗಳು ಹೊರಬಂದು ತಾವೇ ಮೇಯುವವರೆಗೆ, ಎಂದರೆ ಜೂನ್ ಅರ್ಧದವರೆಗೆ, ಅವರು ರೈಫಲ್ಲನ್ನು ತೆಗೆಯುವುದೂ ಇಲ್ಲ.

ಈ ಮಾತು ಕೇಳಿ ನನಗೆ ಕಣ್ಣಿಗೆ ಕಟ್ಟಿದ್ದು ನಮ್ಮ ಶಾಲೆಯ ಹೆಂಚಿನ ಮಾಡು. ಮಲೆನಾಡಿನಲ್ಲಿ ಮಂಗನ ಕಾಟ ಏನೆಂದು ಹೇಳಬೇಕಾಗಿಲ್ಲ. ನನ್ನ ತಮ್ಮನ ತೋಟದಲ್ಲಿ ಬಾಳೆಗೊನೆ ಬಲಿಯುವವರೆಗೆ ಉಳಿದದ್ದು ಯಾವ ಕಾಲದಲ್ಲೋ. ಎಳೆ ಅಡಿಕೆಯನ್ನು ಸಿಗಿದು ಚೀಪಿ ಎಸೆದ ರಾಶಿಯನ್ನು ಗುಡಿಸುವಾಗ ಅವನ ಮುಖ ನೋಡಲಾಗುವುದಿಲ್ಲ. ನನ್ನ ಓದು, ಮದುವೆ ಎಲ್ಲ ಆ ತೋಟದಿಂದಲೇ ನಡೆದದ್ದು. ಮಂಗಗಳೂ ಬದುಕಬೇಕು ಎಂದು ಪೇಟೆಯಲ್ಲಿ ಕೂತು ಹೇಳುವ ಬಾಯಿ ನನಗಿಲ್ಲ. ಮಂಗವನ್ನು ಕೊಲ್ಲಲು ಕಾನೂನು ಬಿಡುವುದಿಲ್ಲ, ಮನಸ್ಸೂ ಬಿಡುವುದಿಲ್ಲ, ಹನುಮಂತನಲ್ಲವೆ? ಆದ್ದರಿಂದ ಜನ ಏರ್‌ಗನ್ನು ತರುತ್ತಾರೆ. ಸಣ್ಣ ನಳಿಗೆಯ ಏರ್‌ಗನ್ನಿಗೆ ಲೈಸೆನ್ಸು ಬೇಡ. ಅದರ ಸೀಸದ ಗುಂಡು ಸುಮಾರು ಅರ್ಧ ಗ್ರಾಂ, ನಾಲ್ಕು ಗುಲಗಂಜಿ. ‘ಬರೀ ಹೆದರಿಸುವುದಕ್ಕೆ’ ಎನ್ನುತ್ತಾರೆ. ಅದು ಕೊಲ್ಲುವುದಿಲ್ಲ ನಿಜ. ಚರ್ಮ ಸೀಳಿ ಒಳಗೆ ಕೂರುತ್ತದೆ.

ಒಂದು ಮಳೆಗಾಲದ ಕೊನೆಗೆ ಮುಂಗೈ ಬಾತ ಒಂದು ಹೆಣ್ಣು ಮಂಗ ನಮ್ಮ ಶಾಲೆಯ ಮಾಡಿನ ಮೇಲೆ ಒಂಬತ್ತು ದಿನ ಕೂತಿತ್ತು. ಹೊಟ್ಟೆಗೆ ಅವುಚಿಕೊಂಡ ಮರಿ. ಗಾಯದಲ್ಲಿ ನೊಣ. ಗುಂಪು ಮುಂದೆ ಹೋಗಿತ್ತು. ಮಕ್ಕಳು ಬಿಸಿಯೂಟದ ಅನ್ನ ಎಸೆದರೆ ಎಡಗೈಯಲ್ಲಿ ಎತ್ತಿಕೊಳ್ಳುತ್ತಿತ್ತು. ಹತ್ತಿರ ಹೋಗದಂತೆ ಮಕ್ಕಳನ್ನು ತಡೆಯುವುದೇ ನನಗೆ ಕೆಲಸವಾಯಿತು. ಅರಣ್ಯ ಇಲಾಖೆಗೆ ಫೋನು ಮಾಡಿದ್ದೆವು. ಅವರು ಬಲೆ ತಂದ ದಿನ ಮರ ಹತ್ತಿ ಹೋಯಿತು. ಹತ್ತನೆಯ ದಿನ ಕಾಣಲಿಲ್ಲ. ಅರ್ಧ ಗ್ರಾಮಿನ ಗುಂಡನ್ನು ‘ಸಣ್ಣದು’ ಎನ್ನುವವರಿಗೆ ನಾನು ಇದನ್ನು ಹೇಳುತ್ತೇನೆ, ಅವರು ಕೇಳಲಿ ಬಿಡಲಿ.

ಅಜ್ಜಿಗೂ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನನ್ನದೂ ಪೂರ್ತಿ ಚೊಕ್ಕ ಅಲ್ಲ” ಎಂದು ಗರುಡನ ಕಥೆ ತೆಗೆದರು.

ಹೊಡೆದ ಪ್ರೈರಿ ಡಾಗ್‌ಗಳನ್ನು ಯಾರೂ ತಿನ್ನುವುದಿಲ್ಲ, ಬಯಲಲ್ಲೇ ಬಿಡುತ್ತಾರೆ. ಗೋಲ್ಡನ್ ಈಗಲ್ ಎಂಬ ದೊಡ್ಡ ಗರುಡ, ಗಿಡುಗ, ಬ್ಯಾಡ್ಜರ್ ಎಂಬ ಬಿಲ ತೋಡುವ ಪ್ರಾಣಿ, ಇವೆಲ್ಲ ಬಂದು ತಿನ್ನುತ್ತವೆ. ಪುಡಿಯಾಗುವ ಗುಂಡು ಆ ದೇಹದ ತುಂಬ ಸೀಸದ ಚೂರುಗಳನ್ನು ಬಿಟ್ಟಿರುತ್ತದೆ. ಎಕ್ಸ್‌ರೇ ತೆಗೆದರೆ ರವೆ ಚೆಲ್ಲಿದಂತೆ ಕಾಣುತ್ತದಂತೆ. ಒಡೆಯದೆ ಹಾಯ್ದುಹೋಗುವ ಗಟ್ಟಿ ಗುಂಡಿನಿಂದ ಹೊಡೆದವುಗಳಲ್ಲಿ ಸೀಸ ಬಹಳ ಕಡಿಮೆ ಎಂದು ಅಲ್ಲಿಯ ವಿಜ್ಞಾನಿಗಳು ಪರೀಕ್ಷಿಸಿ ಹೇಳಿದ್ದಾರೆ. ಹಕ್ಕಿಯ ಹೊಟ್ಟೆಯ ಆಮ್ಲದಲ್ಲಿ ಸೀಸ ಕರಗಿ ರಕ್ತಕ್ಕೆ ಸೇರುತ್ತದೆ. ರೆಕ್ಕೆ ಜೋತು, ಕತ್ತು ಎತ್ತಲಾರದೆ ಸಾಯುತ್ತದೆ. ನೋಡಿ, ರಸ್ತೆಯವರಿಗೆ, ದನಗಳಿಗೆ ಕ್ಷೇಮ, ಪ್ರೈರಿ ಡಾಗ್‌ಗೆ ಒಂದೇ ಕ್ಷಣದ ಸಾವು ಎಂದು ಅಜ್ಜಿ ಆರಿಸಿಕೊಂಡ ಗುಂಡೇ ಗರುಡನಿಗೆ ವಿಷ.

ಹಾಗೆಂದು ಬಂದೂಕು ಬಿಟ್ಟು ವಿಷದ ಕಾಳು ಚೆಲ್ಲಬಹುದು. ಅಲ್ಲಿ ಅದಕ್ಕೆ ಬಳಸುವುದು ಜಿಂಕ್ ಫಾಸ್ಫೈಡ್, ನಮ್ಮ ರೈತರು ಗದ್ದೆಯ ಇಲಿಗೆ ಇಡುವ ಅದೇ ಕಪ್ಪು ಪುಡಿ. ಅಜ್ಜಿಗೆ ಅದು ಒಗ್ಗದು. ಊರಿಗೆ ಊರೇ ಹೋಗುತ್ತದೆ. ಪ್ರೈರಿ ಡಾಗ್ ಪೂರ್ತಿ ಇಲ್ಲವಾದರೆ ಏನಾಗುತ್ತದೆಂದು ಅಲ್ಲಿನವರು ಕಂಡಿದ್ದಾರೆ. ಅದನ್ನೇ ತಿಂದು ಅದರ ಬಿಲದಲ್ಲೇ ಬಾಳುವ ಕರಿಗಾಲಿನ ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿ ಅಳಿದೇ ಹೋಯಿತೆಂದು ಎಲ್ಲರೂ ತಿಳಿದಿದ್ದರು. 1981ರಲ್ಲಿ ವಯೋಮಿಂಗ್‌ನ ಒಂದು ಸಾಕುನಾಯಿ ಸತ್ತ ಫೆರೆಟ್ ಒಂದನ್ನು ಕಚ್ಚಿ ತಂದಿತು, ಹುಡುಕಿದಾಗ ಇನ್ನಷ್ಟು ಸಿಕ್ಕವು. 1987ರ ಹೊತ್ತಿಗೆ ಉಳಿದಿದ್ದ ಹದಿನೆಂಟನ್ನು ಹಿಡಿದು ಸಾಕಿ ಸಂತತಿ ಬೆಳೆಸಿದರು. ಅಜ್ಜಿಯ ಮನೆಯಿಂದ ಹೆಚ್ಚು ದೂರವಲ್ಲದ ಕೊನಾಟ ಬೇಸಿನ್‌ನಲ್ಲಿ 1990ರ ದಶಕದಲ್ಲಿ ಕೆಲವನ್ನು ಬಿಟ್ಟರು. ಅಜ್ಜಿಯ ಗಂಡ ಆ ಕಾಲದಲ್ಲಿ ಇದಕ್ಕೆ ವಿರೋಧವಾಗಿದ್ದರಂತೆ. ಅಜ್ಜಿ ಮಾತ್ರ ಒಂದು ರಾತ್ರಿ ದೀಪ ಹಿಡಿದು ಹೋಗಿ ನೋಡಿ ಬಂದರಂತೆ, ಗಂಡನಿಗೆ ಹೇಳದೆ.

ಸೀಸವಿಲ್ಲದ ಗುಂಡುಗಳೂ ಇವೆ. ಕ್ಯಾಲಿಫೋರ್ನಿಯದಲ್ಲಿ 2019ರ ಜುಲೈ ಒಂದರಿಂದ ಬೇಟೆಗೆ ಸೀಸದ ಗುಂಡು ಸಂಪೂರ್ಣ ನಿಷೇಧ. ಸೌತ್ ಡಕೋಟದಲ್ಲಿ ಅಂಥ ನಿರ್ಬಂಧ ಇಲ್ಲ. ಅಜ್ಜಿಯ ಮಗ ತಾಮ್ರದ ಗುಂಡಿನ ಒಂದು ಪೆಟ್ಟಿಗೆ ಕಳಿಸಿದ್ದ. ತಾಮ್ರ ಸೀಸಕ್ಕಿಂತ ಹಗುರ, ಆದ್ದರಿಂದ ಅಷ್ಟೇ ಉದ್ದದ ಗುಂಡು ಇಲ್ಲಿ 36 ಗ್ರೇನು. ಮತ್ತೆ ತೂಕದ ಲೆಕ್ಕ, ಮತ್ತೆ ತಕ್ಕಡಿ, ಮತ್ತೆ ಕಾಗದಕ್ಕೆ ಹೊಡೆದು ಪರೀಕ್ಷೆ. ಗುಂಡು ಬೀಳುವ ಜಾಗ ಬದಲಾಗಿತ್ತು, ಬೆಲೆ ದುಬಾರಿ, ಗಾಳಿಯ ದಿನ ಇನ್ನೂ ಕಷ್ಟ ಎಂದು ಗೊಣಗಿದರು. ಶೆಲ್ಫಿನಲ್ಲಿ ಸೀಸದವು ಇನ್ನೂ ನಾನೂರು ಇವೆ, ಎಸೆಯಲೆ ಎಂದು ನನ್ನನ್ನೇ ಕೇಳಿದರು. ಹಳೆಯ ಅಕ್ಕಿಯಲ್ಲಿ ಹುಳು ಬಿದ್ದರೂ ಕೇರಿ ಬೇಯಿಸುವ ಮನೆಯಲ್ಲಿ ಹುಟ್ಟಿದವಳು ನಾನು, ಏನು ಹೇಳಲಿ?

ನಾನು ಊರಿಗೆ ಬಂದ ಮೇಲೂ ಮಗಳು ಫೋನಿನಲ್ಲಿ ಅಜ್ಜಿಯ ಸಮಾಚಾರ ಹೇಳುತ್ತಿರುತ್ತಾಳೆ. ಗರುಡನ ಗೂಡಿರುವ ದಿಬ್ಬದ ಕಡೆಯ ಬಯಲಿಗೆ ತಾಮ್ರ, ಉಳಿದ ಕಡೆಗೆ ಹಳೆಯ ಸೀಸ ಎಂದು ಸದ್ಯಕ್ಕೆ ಮಾಡಿಕೊಂಡಿದ್ದಾರಂತೆ. “ಗರುಡನಿಗೆ ನಿಮ್ಮ ಬೇಲಿ ಗೊತ್ತಿದೆಯೇ ಎಂದು ಕೇಳಿದೆ, ಅಮ್ಮಾ” ಎಂದಳು ಮಗಳು. ಅಜ್ಜಿ ಅದಕ್ಕೆ ಉತ್ತರ ಕೊಡದೆ, ಈ ವರ್ಷ ಹುಲ್ಲು ಹೇಗಿದೆ ಎಂದು ಮಾತು ತೆಗೆದರಂತೆ.