ಬಸರೂರಿನ ಅಕ್ಕಿ, ಪ್ಲಾಸ್ಟಿಕ್ ಹಡಗು

ವರ್ಷಗಟ್ಟಲೆ ಒಟ್ಟಿಗೆ ಹಡಗು ಕಟ್ಟಿದ ನಾವು ಒಬ್ಬರ ಇಟ್ಟಿಗೆಯನ್ನು ಇನ್ನೊಬ್ಬರು ಮುಟ್ಟಿದವರೇ ಅಲ್ಲ. ಲೆಗೊ ಎಂಬ ಆಟಿಕೆಯ ಪ್ಲಾಸ್ಟಿಕ್ ಇಟ್ಟಿಗೆಗಳ ನನ್ನ ಪೆಟ್ಟಿಗೆ ಇದ್ದದ್ದು ನೆದರ್ಲೆಂಡ್ಸಿನ ಬಾಡಿಗೆ ಮನೆಯ ಮಂಚದ ಕೆಳಗೆ. ಒಬ್ಬನದು ಇಂಗ್ಲೆಂಡಿನಲ್ಲಿ, ಒಬ್ಬನದು ಪೋಲೆಂಡಿನಲ್ಲಿ, ಅಮೆರಿಕದ ಒಬ್ಬಾಕೆಯದು ಕಾರು ನಿಲ್ಲಿಸುವ ಶೆಡ್ಡಿನಲ್ಲಿ. ಅವರವರ ಮನೆಯಲ್ಲಿ ಅವರವರು ಕಟ್ಟಬೇಕು, ಫೋಟೊ ತೆಗೆಯಬೇಕು, ಜೊತೆಗೊಂದು ಕತೆ ಬರೆದು ಅಂತರ್ಜಾಲದಲ್ಲಿ ಎಲ್ಲರ ಮುಂದಿಡಬೇಕು. ಆ ಕತೆಯ ಬಾಲ ಹಿಡಿದು ಇನ್ನೊಬ್ಬರು ಮುಂದಿನದನ್ನು ಕಟ್ಟಬೇಕು. ಹೆಚ್ಚಿನವರು ಮೂವತ್ತು ದಾಟಿದವರು, ಮಕ್ಕಳೊಂದಿಗರು. ಹಗಲು ಆಫೀಸಿನಲ್ಲಿ ಗಂಭೀರವಾಗಿ ಕೂತಿದ್ದು, ರಾತ್ರಿ ಹನ್ನೊಂದಕ್ಕೆ "ನಿಮ್ಮ ಗವರ್ನರ್ ನಮ್ಮ ಬಂದರಿಗೆ ಬರುವುದು ಯಾವಾಗ?" ಎಂದು ಕೇಳಿಕೊಳ್ಳುತ್ತಿದ್ದೆವು.

ಆಟದ ಹೆಸರು ಬ್ರೆದ್ರನ್ ಆಫ್ ದ ಬ್ರಿಕ್ ಸೀಸ್. 2015ರ ಹೊತ್ತಿಗೆ ಶುರುವಾದದ್ದು. ಯಾವ ಭೂಪಟದಲ್ಲೂ ಇಲ್ಲದ ಸಮುದ್ರ, ಅದರ ತುಂಬ ದ್ವೀಪಗಳು, ಉಗಿಯಂತ್ರ ಇನ್ನೂ ಹಡಗು ಹತ್ತದ ಕಾಲ. ಕೋರಿಂಗ್ಟನ್ ಎಂಬ ರಾಜ್ಯವನ್ನು ಕಂಡರೆ ಯಾರಿಗಾದರೂ ಬ್ರಿಟನ್ ನೆನಪಾಗಬೇಕು. ಒಲಿಯೋನ್ ಫ್ರಾನ್ಸಿನ ನೆರಳು. ಎಸ್ಲಾಂಡೋಲ ವರ್ತಕರ ನಾಡು. ಈ ಮೂವರ ನಿದ್ದೆ ಕೆಡಿಸುವುದಕ್ಕೆ ಸೀ ರ‍್ಯಾಟ್ಸ್ ಎಂಬ ಕಡಲ್ಗಳ್ಳರು. ಆಟಕ್ಕೆ ಬಂದವರು ಇವುಗಳಲ್ಲಿ ಒಂದು ಕಡೆ ಸೇರಬೇಕು, ತಮಗೊಂದು ಪಾತ್ರ ಕಲ್ಪಿಸಿಕೊಳ್ಳಬೇಕು. ಕಪ್ತಾನರಿಗೆ, ಖಡ್ಗವೀರರಿಗೆ, ತಲೆಮರೆಸಿಕೊಂಡ ರಾಜಕುಮಾರರಿಗೆ ಅಲ್ಲಿ ಬರಗಾಲವಿರಲಿಲ್ಲ. ನಾನು ವರ್ತಕರ ಕಡೆ ಸೇರಿ ಹಡಗಿನ ಶ್ಯಾನುಭೋಗನಾದೆ.

ಅದಕ್ಕೆ ಕಾರಣವಿತ್ತು. ಆಟದ ಬೆನ್ನೆಲುಬೇ ಲೆಕ್ಕ. ನಾಣ್ಯ ಡಬ್ಲೂನ್. ದ್ವೀಪದ ಊರೊಂದರಲ್ಲಿ ಮನೆಯನ್ನೋ ಅಂಗಡಿಯನ್ನೋ ತೋಟವನ್ನೋ ಕಟ್ಟಿ ನೋಂದಾಯಿಸಿದರೆ ಆದಾಯ. ಹಡಗು ಕಟ್ಟಿ ಪರವಾನಗಿ ಪಡೆದರೆ ಅದನ್ನು ವ್ಯಾಪಾರಕ್ಕೆ ಕಳಿಸಬಹುದು. ಹೋದ ಹಡಗು ಲಾಭ ತಂದಿತೇ, ಕಳ್ಳರ ಪಾಲಾಯಿತೇ ಎಂಬುದನ್ನು ಅದೃಷ್ಟದ ಲೆಕ್ಕಾಚಾರ ತೀರ್ಮಾನಿಸುತ್ತಿತ್ತು. ಫಲಿತಾಂಶ ಬರುವ ದಿನ ನಮ್ಮ ಮನೆಗಳಲ್ಲಿ ಅಡುಗೆ ಸೀದದ್ದುಂಟು. ಇದರಲ್ಲೊಂದು ತಮಾಷೆಯಿತ್ತು. ಪರವಾನಗಿ ಸಿಕ್ಕ ಹಡಗನ್ನು ಬಿಚ್ಚಿ ಹಾಕಿದರೂ ಖಾತೆಯಲ್ಲಿ ಅದು ತೇಲುತ್ತಲೇ ಇರುತ್ತಿತ್ತು. ಇಟ್ಟಿಗೆ ಎಲ್ಲರ ಹತ್ತಿರವೂ ಕಡಿಮೆಯೇ. ಹೋದ ವಾರದ ಹಡಗಿನ ಒಡಲು ಈ ವಾರ ಸಂತೆಮಾಳದ ಗೋಡೆ, ಬರುವ ವಾರ ಚರ್ಚಿನ ಗೋಪುರ. ಮೇಜಿನ ಮೇಲೆ ಒಂದೇ ಒಂದು ಹಡಗಿಲ್ಲದ ದೊಡ್ಡ ಹಡಗುದೊರೆಗಳು ನಮ್ಮಲ್ಲಿದ್ದರು.

ಇದಕ್ಕೆಲ್ಲ ಮೂಲ 1989. ಆ ವರ್ಷ ಡೆನ್ಮಾರ್ಕಿನ ಲೆಗೊ ಕಂಪನಿ ಕಡಲ್ಗಳ್ಳರ ಸರಣಿಯನ್ನು ಹೊರತಂದಿತು. 1978ರಲ್ಲಿ ಹುಟ್ಟಿದ ಪುಟ್ಟ ಲೆಗೊ ಗೊಂಬೆಗಳಿಗೆ ಅಲ್ಲಿಯವರೆಗೆ ಇದ್ದದ್ದು ಎರಡು ಚುಕ್ಕಿ ಕಣ್ಣು, ಒಂದು ನಗು. ಪೊಲೀಸನಿಗೂ ಗಗನಯಾತ್ರಿಗೂ ಅದೇ ಮುಖ. ಕಡಲ್ಗಳ್ಳರ ಜೊತೆ ಮೀಸೆ, ಗಡ್ಡ, ಕಣ್ಣಪಟ್ಟಿ, ಕೊಕ್ಕೆ ಕೈ, ಮರದ ಕಾಲು ಬಂದವು. ಕೋತಿಯೂ ಗಿಣಿಯೂ ಬಂದವು. ಬ್ಲ್ಯಾಕ್ ಸೀಸ್ ಬರಕುಡಾ ಎಂಬ ಹಡಗು, ಅದರ ಕೆಂಪು ಬಿಳಿ ಪಟ್ಟೆಯ ಬಟ್ಟೆಯ ಹಾಯಿ, ಎದುರಿಗೆ ಗವರ್ನರ್ ಬ್ರಾಡ್‌ಸೈಡನ ನೀಲಿ ಕೋಟಿನ ಸಿಪಾಯಿಗಳು. ಇವುಗಳ ಹೆಸರೆತ್ತಿದರೆ ನನ್ನ ಜೊತೆಗಾರರು ಹತ್ತು ವರ್ಷದ ಹುಡುಗರಾಗುತ್ತಿದ್ದರು. ಯುರೋಪಿನಲ್ಲಿ ಮಾರಿದ ಪೆಟ್ಟಿಗೆಗಳ ಫಿರಂಗಿ ಹಿಂದಿನಿಂದ ಎಳೆದು ಬಿಟ್ಟರೆ ಗುಂಡು ಹಾರಿಸುತ್ತಿತ್ತು. ಅಮೆರಿಕದಲ್ಲಿ ಮಾರಿದ್ದು ಹಾರಿಸುತ್ತಿರಲಿಲ್ಲ. ಅಮೆರಿಕದಾಕೆಯನ್ನು ಕೆಣಕಲು ಉಳಿದವರಿಗೆ ಅಷ್ಟೇ ಸಾಕಾಗಿತ್ತು. ಪ್ರತಿ ಯುದ್ಧದಲ್ಲೂ ಅವಳ ಫಿರಂಗಿಗಳ ಮದ್ದು ಒದ್ದೆಯಾಗಿರುತ್ತದೆಂದು ಬರೆಯುತ್ತಿದ್ದರು.

ನನಗೆ ಆ ಬಾಲ್ಯವಿಲ್ಲ. ಕುಂದಾಪುರದ ಕಡೆಯ ನಮ್ಮ ಮನೆಯಲ್ಲಿ ಲೆಗೊ ಎಂಬ ಹೆಸರನ್ನೇ ಯಾರೂ ಕೇಳಿರಲಿಲ್ಲ. ನೌಕರಿ ಹಿಡಿದು ಪರದೇಶಕ್ಕೆ ಹೋದ ಮೇಲೆ, ಚಳಿಗಾಲದ ಸಂಜೆಗಳನ್ನು ಏನು ಮಾಡುವುದೆಂದು ತೋಚದೆ, ಹಳೆ ಸಾಮಾನಿನ ಸಂತೆಯಲ್ಲಿ ಒಂದು ಚೀಲ ಇಟ್ಟಿಗೆ ಕೊಂಡವನು ನಾನು. ಆದ್ದರಿಂದ ಅವರ ನೆನಪುಗಳೆಲ್ಲ ನನಗೆ ಎರವಲು. ಬಹುಶಃ ಅದರಿಂದಲೇ ಇರಬೇಕು, ನನ್ನ ಕಣ್ಣು ಪೆಟ್ಟಿಗೆಯ ಹಡಗಿಗಿಂತ ನಿಜದ ಹಡಗಿನ ಮೇಲೆ ನೆಟ್ಟಿತು. ಲೆಲಿಸ್ಟಾಡ್ ಎಂಬ ಊರಿನಲ್ಲಿ ಬಟಾವಿಯಾ ಹಡಗಿನ ಪ್ರತಿಕೃತಿ ಇದೆ. ಡಚ್ಚರ ಈಸ್ಟ್ ಇಂಡಿಯಾ ಕಂಪನಿಯ ಮೂಲ ಹಡಗು 1629ರಲ್ಲಿ, ತನ್ನ ಮೊದಲ ಯಾನದಲ್ಲೇ, ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಯ ಹವಳದ ಬಂಡೆಗೆ ಬಡಿದು ಒಡೆಯಿತು. ಪ್ರತಿಕೃತಿಯನ್ನು 1985ರಿಂದ 1995ರವರೆಗೆ ಹತ್ತು ವರ್ಷ ಹಿಡಿದು ಓಕ್ ಮರದಲ್ಲಿ ಕಟ್ಟಿದರು. ನಾನು ಅದರೊಳಗೆ ಬಗ್ಗಿಕೊಂಡು ಓಡಾಡಿ, ಹಗ್ಗ ಎಲ್ಲಿಂದ ಹೊರಟು ಎಲ್ಲಿ ಕಟ್ಟಿಕೊಳ್ಳುತ್ತದೆಂದು ಚಿತ್ರ ಬರೆದುಕೊಂಡು ಬರುತ್ತಿದ್ದೆ. ಇಂಗ್ಲೆಂಡಿನವನು ಪೋರ್ಟ್ಸ್‌ಮತ್‌ಗೆ ಹೋಗಿ ನೆಲ್ಸನ್ನನ ವಿಕ್ಟರಿ ಹಡಗಿನ ಫಿರಂಗಿ ಕಿಂಡಿಗಳ ಫೋಟೊ ಕಳಿಸುತ್ತಿದ್ದ. ನಾವು ಕಟ್ಟಿದ್ದು ಅಂಗೈ ಅಗಲದ ಅಟ್ಟ; ಚರ್ಚೆ ಮಾತ್ರ ನೌಕಾಖಾತೆಯ ಮಟ್ಟದ್ದು.

ಕಟ್ಟುವ ಕೆಲಸದ ಬಗ್ಗೆ ಸ್ವಲ್ಪ ಹೇಳಲೇಬೇಕು. ಲೆಗೊ ಇಟ್ಟಿಗೆ ಮೂಲತಃ ಚೌಕ. ಹಡಗಿನಲ್ಲಿ ಚೌಕವೆಂಬುದೇ ಇಲ್ಲ. ಕಂಪನಿಯವರು ಕೊಡುವ ಅಚ್ಚಿನ ಒಡಲಿನ ತುಂಡುಗಳಿವೆ, ಜೋಡಿಸಿದರೆ ಹಡಗು ಸಿದ್ಧ. ಆದರೆ ಹೆಸರು ಬೇಕಿದ್ದವರು ಒಡಲನ್ನು ಚಪ್ಪಟೆ ಹಲಗೆಗಳಿಂದ ತಾವೇ ಬಗ್ಗಿಸುತ್ತಿದ್ದರು. ಪಕ್ಕದ ಗೋಡೆಯನ್ನು ಮಲಗಿಸಿ ಕಟ್ಟಿ, ಕೀಲು ಹಾಕಿ, ಮೂತಿಯ ಹತ್ತಿರ ಒಳಕ್ಕೆಳೆದು ಸೇರಿಸುವುದು. ಇಟ್ಟಿಗೆಯ ನೆತ್ತಿಯ ಗುಬಟು ಮೇಲ್ಮುಖವಾಗಿರದೆ ಪಕ್ಕಕ್ಕೆ ತಿರುಗಿರುವ ಈ ಬಗೆಗೆ ನಮ್ಮೊಳಗೆ ಸ್ನಾಟ್ ಎಂದು ಹೆಸರು. ಪೋಲೆಂಡಿನವನು ಇದರಲ್ಲಿ ಮಾಯಗಾರ. ಹಾಯಿಗೆ ನಾನು ಹಳೆಯ ಅಂಗಿಯ ಬಟ್ಟೆಯನ್ನು ಚಹಾದಲ್ಲಿ ಅದ್ದಿ ಒಣಗಿಸುತ್ತಿದ್ದೆ. ಲೆಗೊ ಅಲ್ಲದ ದಾರ ಬಳಸಿದರೆ ಮುಖ ಸಿಂಡರಿಸುವ ಮಡಿವಂತರೂ ನಮ್ಮಲ್ಲಿದ್ದರು. 2004ರ ಸುಮಾರಿಗೆ ಕಂಪನಿ ತನ್ನ ಬೂದು ಬಣ್ಣವನ್ನು ಬದಲಾಯಿಸಿತ್ತು. ಹಳೆಯ ಬೂದು ಬೆಚ್ಚಗೆ, ಹೊಸತರಲ್ಲಿ ನೀಲಿಯ ಛಾಯೆ. ಎರಡನ್ನೂ ಬೆರೆಸಿದರೆ ಕೋಟೆ ತೇಪೆ ಹಾಕಿದ ಹಾಗೆ ಕಾಣುತ್ತಿತ್ತು. ಇಂಗ್ಲೆಂಡಿನವನು ಅದಕ್ಕೆ ಜಗ್ಗಲಿಲ್ಲ. ಹಳೆಯ ಮುತ್ತಿಗೆಯಲ್ಲಿ ಒಡೆದ ಗೋಡೆಯನ್ನು ಬೇರೆ ಗಣಿಯ ಕಲ್ಲಿನಿಂದ ದುರಸ್ತಿ ಮಾಡಿದ್ದೆಂದು ಕತೆ ಬರೆದ. ಆಮೇಲೆ ಇನ್ನೊಬ್ಬಳು ಆ ಮುತ್ತಿಗೆಯನ್ನೇ ಕಟ್ಟಿದಳು. ಮತ್ತೊಬ್ಬ ಅದರಲ್ಲಿ ಕಾಲು ಕಳೆದುಕೊಂಡ ಸೈನಿಕನಿಗೆ ಹೆಂಡದಂಗಡಿ ಹಾಕಿಕೊಟ್ಟ. ಬಣ್ಣದ ಒಂದು ಕೊರತೆಯಿಂದ ಒಂದು ಊರಿನ ಚರಿತ್ರೆ ಹುಟ್ಟಿತು.

ನನಗೆ ಆ ಆಟದಲ್ಲಿ ಅತಿ ಪ್ರಿಯವಾದದ್ದು ಇದೇ. ಕತೆ ಯಾರದೂ ಆಗಿರಲಿಲ್ಲ. ನಾವು ಸುಮ್ಮನೆ ಬಿಟ್ಟುಹೋದ ಒಂದು ಬಾಗಿಲನ್ನು ಯಾರೋ ತೆರೆಯುತ್ತಿದ್ದರು. ಎಷ್ಟು ಚೆನ್ನಾಗಿ ಕಟ್ಟಿದೆ ಎಂಬುದಕ್ಕಿಂತ ಎಷ್ಟು ಬಾಗಿಲು ಬಿಟ್ಟೆ ಎಂಬುದೇ ಜಾಣತನ. ಅದ್ಭುತವಾಗಿ ಕಟ್ಟಿ, ಎಲ್ಲ ಕತೆಯನ್ನೂ ತಾವೇ ಮುಗಿಸಿಬಿಡುವವರೂ ಇದ್ದರು. ಅವರಿಗೆ ಹೊಗಳಿಕೆ ಸಿಗುತ್ತಿತ್ತು, ಜೊತೆ ಸಿಗುತ್ತಿರಲಿಲ್ಲ.

ನಾನು ಬಿಟ್ಟ ಬಾಗಿಲು ಅಕ್ಕಿ. ಎಲ್ಲರ ಹಡಗಿನಲ್ಲೂ ಸಕ್ಕರೆ, ರಮ್, ಕೋಕೊ, ಮಸಾಲೆ ಪದಾರ್ಥ. ಹಡಗು ಅಂದರೆ ಮಸಾಲೆ ಎಂದೇ ಅವರ ತಿಳಿವಳಿಕೆ. ಸಮುದ್ರದ ಮೇಲೆ ತಿಂಗಳುಗಟ್ಟಲೆ ಇರುವವರು ಏನು ಉಣ್ಣುತ್ತಾರೆ, ಕೋಟೆಯೊಳಗಿನ ದಂಡು ಏನು ಉಣ್ಣುತ್ತದೆ ಎಂದು ಯಾರೂ ಕೇಳಿರಲಿಲ್ಲ. ನನಗೆ ಊರ ಪಕ್ಕದ ಹಳೆಯ ಬಂದರು ಬಸರೂರು ಗೊತ್ತು. ಹದಿನಾರು, ಹದಿನೇಳನೆಯ ಶತಮಾನದಲ್ಲಿ ಗೋವೆಯ ಪೋರ್ಚುಗೀಸರ ಹೊಟ್ಟೆ ತುಂಬುತ್ತಿದ್ದದ್ದು ನಮ್ಮ ಕರಾವಳಿಯ ಅಕ್ಕಿಯಿಂದ. ಅದಕ್ಕಾಗಿಯೂ ಅವರು ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಕೋಟೆ ಕಟ್ಟಿ ಕೂತದ್ದು. ಹಾಗಾಗಿ ನನ್ನ ಶ್ಯಾನುಭೋಗ ಮೂಡಣದ ಯಾವುದೋ ಬಂದರಿನಿಂದ ಅಕ್ಕಿ ಮುಡಿ ಹೇರಿಕೊಂಡು ಬಂದ. ಹುಲ್ಲು ಸುತ್ತಿದ ಮುಡಿಗೆ ಕಂದು ಬಣ್ಣದ ಪೀಪಾಯಿ ತುಂಡು, ಚೆಲ್ಲಿದ ಅಕ್ಕಿಗೆ ಬಿಳಿಯ ಅತಿ ಸಣ್ಣ ಬಿಲ್ಲೆ. ಮೊದಲು ನಕ್ಕರು. ಆಮೇಲೆ ಕೋರಿಂಗ್ಟನ್ನಿನ ಕೋಟೆಯೊಂದರಲ್ಲಿ ಕಣಜ ಎದ್ದಿತು. ಅಮೆರಿಕದಾಕೆ ಗಂಜಿ ಕುಡಿದು ದಂಗೆಯೆದ್ದ ಸಿಪಾಯಿಗಳನ್ನು ಕಟ್ಟಿದಳು. ಅವರ ಬೇಡಿಕೆ ರೊಟ್ಟಿ.

ಒಂದು ಮಾತಿಗೆ ಮಾತ್ರ ನಮ್ಮಲ್ಲಿ ನಿಜವಾದ ಜಗಳವಾಯಿತು. ಆಟದಲ್ಲಿ ತೋಟ ಕಟ್ಟಿದರೆ ಡಬ್ಲೂನ್ ಬರುತ್ತದೆ. ಆ ತೋಟದಲ್ಲಿ ಕಬ್ಬು ಕಡಿಯುವವರು ಯಾರು? ಹಾಯಿಹಡಗಿನ ಕಾಲವೆಂದರೆ ನಿಜದಲ್ಲಿ ಆಫ್ರಿಕದ ಜನರನ್ನು ಸರಪಣಿಯಲ್ಲಿ ಸಾಗಿಸಿದ ಕಾಲವೂ ಹೌದು. ಲೆಗೊ ತನ್ನ ಸಿಪಾಯಿಗಳಿಗೆ ದೇಶದ ಹೆಸರನ್ನೇ ಕೊಡದೆ ಈ ಪ್ರಶ್ನೆಯಿಂದ ಜಾರಿಕೊಂಡಿತ್ತು. ನಮ್ಮ ಆಟವೂ ಕಲ್ಪಿತ ರಾಜ್ಯಗಳ ಮರೆಯಲ್ಲಿತ್ತು. "ಇದು ಆಟ, ಪಾಠವಲ್ಲ" ಎಂದರು ಕೆಲವರು. ನನಗೆ ಅಷ್ಟು ಸಲೀಸಾಗಿ ಒಪ್ಪಲಾಗಲಿಲ್ಲ. ಅವರ ಅಜ್ಜಂದಿರು ಹಡಗಿನ ಮೇಲೆ ನಿಂತು ದಡ ನೋಡಿದವರು, ನಮ್ಮವರು ದಡದಲ್ಲಿ ನಿಂತು ಹಡಗು ನೋಡಿದವರು. ಉಳ್ಳಾಲದ ರಾಣಿ ಅಬ್ಬಕ್ಕನ ಕತೆ ಕೇಳಿ ಬೆಳೆದವನಿಗೆ ದೂರದಲ್ಲಿ ಕಾಣುವ ಹಾಯಿ ಬರೀ ಚಂದದ ವಸ್ತುವಾಗಿ ಉಳಿಯುವುದಿಲ್ಲ. ಭಾಷಣ ಮಾಡಿದರೆ ಆಟ ಕೆಡುತ್ತದೆಂಬುದೂ ಗೊತ್ತಿತ್ತು. ನನ್ನ ಶ್ಯಾನುಭೋಗನ ಕೈಗೆ ಕೂಲಿ ಪುಸ್ತಕ ಕೊಟ್ಟೆ. ಅವನು ಪ್ರತಿ ತೋಟಕ್ಕೂ ಹೋಗಿ, ಕೆಲಸದವರ ಹೆಸರು ಕೇಳಿ, ಕೂಲಿ ಎಷ್ಟೆಂದು ಬರೆದುಕೊಳ್ಳಲು ಶುರುಮಾಡಿದ. ಕೆಲವು ತೋಟದ ಯಜಮಾನರು ಅವನನ್ನು ಗೇಟಿನಲ್ಲೇ ನಿಲ್ಲಿಸಿದರು. ಪೋಲೆಂಡಿನವನು ಮಾತ್ರ ಏನೂ ಹೇಳದೆ ದ್ವೀಪದ ಮೂಲ ಜನರ ಒಂದು ಪಂಚಾಯಿತಿ ಕಟ್ಟಿ, ಗವರ್ನರನನ್ನು ಅದರ ಮುಂದೆ ನೆಲದ ಮೇಲೆ ಕೂರಿಸಿದ. ಪ್ರಶ್ನೆ ಬಗೆಹರಿಯಲಿಲ್ಲ. ಆದರೆ ಆಮೇಲಿನ ನಮ್ಮ ಕತೆಗಳಿಗೆ ಒಂದಿಷ್ಟು ತೂಕ ಬಂತು ಎನ್ನುವುದು ನನ್ನ ಅಭಿಪ್ರಾಯ. ಒಪ್ಪದವರು ಈಗಲೂ ಇದ್ದಾರೆ.

ಇನ್ನು ನನ್ನ ಅಕ್ಕಿ ಹಡಗು ಸಿಕ್ಕಿಬಿದ್ದ ಕತೆ. ಹಿಡಿದವನು ಇಂಗ್ಲೆಂಡಿನವನೇ. ಕೋಟೆ ಸಾಕೆನಿಸಿ ಪಕ್ಷ ಬದಲಿಸಿ ಕಡಲ್ಗಳ್ಳನಾಗಿದ್ದ. ಹಿಡಿದದ್ದನ್ನು ತೋರಿಸಬೇಕಾದರೆ ಅವನು ನನ್ನ ಹಡಗನ್ನು ತನ್ನ ಇಟ್ಟಿಗೆಯಲ್ಲಿ ಮತ್ತೆ ಕಟ್ಟಬೇಕು. ನನ್ನ ಫೋಟೊಗಳನ್ನು ಹಿಗ್ಗಿಸಿ ನೋಡಿ, ಹಿಂಬದಿಯ ಕಿಟಕಿಗಳನ್ನು ಎಣಿಸಿ, ಲಾಂದ್ರ ತೂಗಿದ ಜಾಗವನ್ನೂ ಗುರುತಿಸಿ ಕಟ್ಟಿದ್ದ. ಅವನ ಹತ್ತಿರ ಹಸಿರು ಇಲ್ಲದ್ದರಿಂದ ಒಡಲು ಕೆಂಪಾಗಿತ್ತು. ಕಳ್ಳರು ಗುರುತು ಸಿಗದಿರಲೆಂದು ಬಣ್ಣ ಬಳಿದರಂತೆ! ನಮ್ಮಲ್ಲೊಂದು ಕಟ್ಟಳೆಯಿತ್ತು. ಇನ್ನೊಬ್ಬರ ಪಾತ್ರವನ್ನು ಸೆರೆ ಹಿಡಿಯಬಹುದು, ಕೇಳದೆ ಕೊಲ್ಲುವಂತಿಲ್ಲ. ಶ್ಯಾನುಭೋಗನನ್ನು ಅವನು ಕಂಬಕ್ಕೆ ಕಟ್ಟಿರಲಿಲ್ಲ. ಅಟ್ಟದ ಮೇಲೆ ಮೇಜು ಹಾಕಿ, ಕೈಗೆ ಗರಿಯ ಲೇಖನಿ ಕೊಟ್ಟು, ಕಳ್ಳರ ಲೆಕ್ಕ ಬರೆಯಲು ಕೂರಿಸಿದ್ದ. ಅವರಿಗೂ ಒಬ್ಬ ಲೆಕ್ಕಿಗ ಬೇಕಿತ್ತಂತೆ. ಬಿಡುಗಡೆಯ ಮೊತ್ತದ ಚೌಕಾಸಿ ಆ ಇಡೀ ಚಳಿಗಾಲ ನಡೆಯಿತು. ಒಂದು ಪತ್ರ ಅವನು ಬರೆಯುವುದು, ಉತ್ತರದ ದೃಶ್ಯ ನಾನು ಕಟ್ಟುವುದು. ನನ್ನ ಹಡಗನ್ನು ಇನ್ನೊಬ್ಬರ ಕೈ ಅಷ್ಟು ಗಮನವಿಟ್ಟು ಕಟ್ಟಿದ್ದನ್ನು ಕಂಡಾಗ ಆದ ಸಂತೋಷ, ಸ್ವತಃ ಕಟ್ಟಿದಾಗಲೂ ಆಗಿರಲಿಲ್ಲ.

ಆಟ ಹೇಗೆ ನಿಂತುಹೋಯಿತು ಎಂದು ಕೇಳಿದರೆ ಹೇಳುವಂಥದ್ದೇನಿಲ್ಲ. ಒಬ್ಬನಿಗೆ ಅವಳಿ ಮಕ್ಕಳಾದವು, ಇನ್ನೊಬ್ಬಳ ಕೆಲಸ ಬದಲಾಯಿತು, ನಾನು ಬೆಂಗಳೂರಿಗೆ ವಾಪಸಾದೆ. ಉತ್ತರಗಳು ವಾರದಿಂದ ತಿಂಗಳಿಗೆ, ತಿಂಗಳಿನಿಂದ ಹಬ್ಬಕ್ಕೆ ಜಾರಿದವು. ನನ್ನ ಮಟ್ಟಿಗೆ ಆಟ ಅಲ್ಲಿಗೆ ಸಾಕಾಯಿತು. 2020ರಲ್ಲಿ, ಎಲ್ಲರೂ ಮನೆಯೊಳಗೆ ಕೂತಿದ್ದ ಕಾಲದಲ್ಲೇ, ಹಳೆಯ ಬರಕುಡಾ ಹಡಗು ಒಡೆದು ದ್ವೀಪವಾದ ಹೊಸ ಸೆಟ್ ಬಂತು. 2545 ತುಂಡುಗಳು, ಬಿಚ್ಚಿ ಜೋಡಿಸಿದರೆ ಮತ್ತೆ ಹಡಗು. ಒಂದಷ್ಟು ದಿನ ಹಳೆಯ ಗಲಾಟೆ ಮರಳಿತು. ಅದು ದ್ವೀಪವಾಗಿಯೇ ಇರಬೇಕೇ, ಹಡಗಾಗಬೇಕೇ ಎಂದು ಎರಡು ಪಕ್ಷವಾದವು. ಆಮೇಲೆ ಮತ್ತೆ ಮೌನ.

ಇಂಗ್ಲೆಂಡಿನವನು ಕೆಲಸದ ಮೇಲೆ ಬೆಂಗಳೂರಿಗೆ ಬಂದದ್ದು ತೀರಾ ಈಚೆಗೆ. ಮುಖತಃ ನೋಡಿದ್ದು ಅದೇ ಮೊದಲು. ನೋಡಬೇಕಾದ ಜಾಗ ಯಾವುದೆಂದು ಕೇಳಿದರೆ ಹಂಪಿ ಅನ್ನಲಿಲ್ಲ, ಮೈಸೂರು ಅನ್ನಲಿಲ್ಲ. "ಅಕ್ಕಿ ಹೇರಿದ ಬಂದರು" ಎಂದ. ಕರೆದುಕೊಂಡು ಹೋದೆ. ಬಸರೂರಿನಲ್ಲಿ ಈಗ ಬಂದರೆಂಬುದಿಲ್ಲ. ದೇವಸ್ಥಾನಗಳು, ತೆಂಗಿನ ತೋಟ, ವಾರಾಹಿ ಹೊಳೆ. ಅವನು ದಡದಲ್ಲಿ ನಿಂತು ಇಲ್ಲಿ ಎಂಥ ಹಡಗು ತಾಗಬಹುದಿತ್ತು, ದೊಡ್ಡದಕ್ಕೆ ಆಳ ಸಾಲದು, ಗಂಗೊಳ್ಳಿಯ ಅಳಿವೆಯಲ್ಲಿ ನಿಲ್ಲಿಸಿ ಸಣ್ಣ ದೋಣಿಗಳಲ್ಲಿ ಸಾಗಿಸಿರಬೇಕು ಎಂದು ಅರ್ಧ ಗಂಟೆ ವಾದಿಸಿದ. ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಅಮ್ಮ ಬಡಿಸುತ್ತಲೇ ಇದ್ದಳು, ಅವನು ಬೇಡ ಅನ್ನುತ್ತಲೇ ಇರಲಿಲ್ಲ. ಮೂರನೆಯ ಸಲ ತಟ್ಟೆ ಮುಂದೊಡ್ಡುತ್ತ ನನ್ನ ಕಡೆ ತಿರುಗಿ, ಇದನ್ನು ಲೂಟಿಯ ಬಾಬ್ತಿಗೆ ಬರೆಯುತ್ತೀಯೋ ಇಲ್ಲ ಅತಿಥಿ ಸತ್ಕಾರದ ಬಾಬ್ತಿಗೋ ಎಂದು ಕೇಳಿದ. ಲೂಟಿಗೇ ಎಂದೆ. ಸರಿ, ಹಾಗಾದರೆ ಇನ್ನೊಂದು ಬಂಗುಡೆ ಬರಲಿ ಎಂದ.