ಎಡಗೈಯಲ್ಲಿ ಹೆಣೆದ ಶಾಲು

ನಾನು ಎಡಚಿ. ಊಟಕ್ಕೆ, ಮಂಗಳಾರತಿ ತಗೊಳ್ಳೋಕೆ, ಯಾರಿಗಾದರೂ ದುಡ್ಡು ಕೊಡೋಕೆ ಮಾತ್ರ ಬಲಗೈ. ಉಳಿದಿದ್ದಕ್ಕೆಲ್ಲ ಎಡಗೈ. ಚಿಕ್ಕವಳಿದ್ದಾಗ ಬೈಸಿಕೊಂಡಿದ್ದು ಬಿಟ್ಟರೆ ಇದರಿಂದ ನನಗೆ ದೊಡ್ಡ ತೊಂದರೆಯೇನೂ ಆಗಿಲ್ಲ. ಆದರೆ ಒಂದು ನಷ್ಟ ಆಯಿತು. ಅಮ್ಮನ ಕ್ರೋಶಾ ಕಡ್ಡಿ ನನ್ನ ಕೈಗೆ ಒಗ್ಗಲೇ ಇಲ್ಲ.

ತಿಪಟೂರಿನ ನಮ್ಮ ಮನೆಯಲ್ಲಿ ಟಿ.ವಿ. ಮೇಲೆ ಕ್ರೋಶಾ ಹೊದಿಕೆ, ಬಾಗಿಲಿಗೆ ಕ್ರೋಶಾ ತೋರಣ. ಅವೆಲ್ಲ ಅಮ್ಮನ ಹವ್ಯಾಸ. ಅವಳ ನಿಜವಾದ ಕೆಲಸ ಅಂದ್ರೆ ಸೀರೆಗೆ ಕುಚ್ಚು ಹಾಕೋದು. ರೇಷ್ಮೆ ದಾರ, ಸಣ್ಣ ಸ್ಟೀಲ್ ಕಡ್ಡಿ, ಒಂದು ಬಟ್ಟಲು ಮಣಿ. ಮದುವೆ ಸೀಸನ್ ಬಂದರೆ ಮಂಚದ ಮೇಲೆ ಯಾರ್ಯಾರದೋ ಸೀರೆಗಳು ಸಾಲಾಗಿ ಮಲಗಿರುತ್ತಿದ್ದವು, ನಾವು ನೆಲದ ಮೇಲೆ ಮಲಗುತ್ತಿದ್ದೆವು.

ಒಂಬತ್ತು ವರ್ಷವಿದ್ದಾಗ ಅಮ್ಮನ ಪಕ್ಕ ಕೂತು ಕಲಿಯೋಕೆ ಹೊರಟೆ. ಅವಳು ತೋರಿಸಿದ್ದೆಲ್ಲ ನನ್ನ ಕೈಯಲ್ಲಿ ತಿರುಗಾಮುರುಗಾ. ಎರಡು ಸಂಜೆ ನೋಡಿದಳು. "ಬಿಡು ಪುಟ್ಟಿ, ನಿನ್ನ ಕೈಗೆ ಇದು ಹತ್ತಲ್ಲ. ಹೋಗಿ ಓದ್ಕೋ" ಅಂದಳು. ಹೋಗಿ ಓದಿಕೊಂಡೆ. ಈಗ ಬೆಂಗಳೂರಿನ ಕಂಪನಿಯೊಂದರಲ್ಲಿ ಸಂಬಳದ ಲೆಕ್ಕ ನೋಡುತ್ತೇನೆ. ಯಾರು ಎಷ್ಟು ಗಂಟೆ ದುಡಿದರು, ಅದಕ್ಕೆ ಎಷ್ಟು ಕೊಡಬೇಕು ಅನ್ನೋದೇ ನನ್ನ ದಿನದ ಕೆಲಸ.

ಶಾಲಿನ ಯೋಚನೆ ಬಂದಿದ್ದು ಕಳೆದ ಅಕ್ಟೋಬರ್‌ನಲ್ಲಿ. ಧನುರ್ಮಾಸದಲ್ಲಿ ಅಮ್ಮ ಬೆಳಗಿನ ಜಾವ ದೇವಸ್ಥಾನಕ್ಕೆ ಹೋಗುತ್ತಾಳೆ, ಹೆಗಲಿಗೆ ಅಪ್ಪನ ಹಳೇ ಟವೆಲ್ಲು. ಎಷ್ಟು ಸ್ವೆಟರ್ ಕೊಡಿಸಿದರೂ ಬೀರುವಿನಲ್ಲೇ ಇರುತ್ತೆ. ನಾನೇ ಹೆಣೆದುಕೊಟ್ಟರೆ ಹಾಕ್ಕೊಳ್ಳದೇ ಎಲ್ಲಿಗೆ ಹೋಗ್ತಾಳೆ ಅಂದ್ಕೊಂಡೆ. ಹೇಳದೇ ಕೊಟ್ಟು ಆಶ್ಚರ್ಯಪಡಿಸುವ ಆಸೆ.

ಚಿಕ್ಕಪೇಟೆಗೆ ಹೋಗಿ ಕಡುನೀಲಿ ಬಣ್ಣದ, ತುಂಬಾ ಮೆತ್ತಗಿನ ಉಲ್ಲನ್ ತಂದೆ. ಮೊದಲ ತಪ್ಪು ಅಲ್ಲೇ ಆಯಿತು. ಕಡುಬಣ್ಣದ, ಜುಂಗು ಜುಂಗಾದ ದಾರದಲ್ಲಿ ಕಣ್ಣು ಎಲ್ಲಿದೆ, ಗಂಟು ಎಲ್ಲಿದೆ ಅಂತ ಕಲಿಯುವವರಿಗೆ ಕಾಣಿಸೋದೇ ಇಲ್ಲ. ರಾತ್ರಿ ಟ್ಯೂಬ್‌ಲೈಟ್ ಕೆಳಗಂತೂ ಕೇಳಲೇಬೇಡಿ.

ಎರಡನೇ ಗೊಂದಲ ಹೆಸರುಗಳದ್ದು. ಒಂದು ವಿಡಿಯೋದಲ್ಲಿ ಸಿಂಗಲ್ ಕ್ರೋಶೆ ಅನ್ನುವುದನ್ನೇ ಇನ್ನೊಂದರಲ್ಲಿ ಡಬಲ್ ಕ್ರೋಶೆ ಅಂತಾರೆ. ಅಮೆರಿಕದವರ ಸಿಂಗಲ್ಲೇ ಬ್ರಿಟಿಷರ ಡಬಲ್ಲು. ಇದು ಗೊತ್ತಾಗುವ ಹೊತ್ತಿಗೆ ಒಂದು ವಾರ ಹೋಗಿತ್ತು. ಎಲ್ಲಕ್ಕಿಂತ ದೊಡ್ಡ ಕಷ್ಟ ಮಾತ್ರ ಹಳೆಯದೇ. ನಾನು ನೋಡಿದ ವಿಡಿಯೋಗಳಲ್ಲಿ ಎಲ್ಲರೂ ಬಲಗೈಯವರು. ಕ್ಯಾಮೆರಾ ಅವರ ಹೆಗಲ ಹಿಂದಿನಿಂದ ನೋಡುತ್ತಿತ್ತು, ಅಂದರೆ ನಾನು ಮತ್ತೆ ಅಮ್ಮನ ಪಕ್ಕ ಕೂತ ಹಾಗೇ.

ಆಶ್ಚರ್ಯಪಡಿಸುವ ಆಸೆ ಬಿಟ್ಟು ಒಂದು ಭಾನುವಾರ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ.

"ಏನೇ ಅದು? ಪಾತ್ರೆ ಉಜ್ಜೋ ಜುಂಗಾ?"

"ಶಾಲು ಅಮ್ಮ."

ಅಮ್ಮ ಎರಡು ನಿಮಿಷ ನಕ್ಕಳು. ಆಮೇಲೆ ಫೋನನ್ನು ಅಡಿಗೆಮನೆಯ ಸ್ಟೀಲ್ ಡಬ್ಬಕ್ಕೆ ಒರಗಿಸಿ, ಕಡ್ಡಿ ತಂದು ಎದುರು ಕೂತಳು. ಆಗ ನನಗೆ ಹೊಳೆಯಿತು. ಎದುರು ಕೂತವರ ಬಲಗೈ ನನ್ನ ಎಡಗೈ ಕಡೆಗಿರುತ್ತೆ! ಅವಳು ಕಡ್ಡಿ ಆಡಿಸಿದ ಹಾಗೇ ನಾನು ಆಡಿಸಿದರೆ ಸಾಕು, ಕನ್ನಡಿ ನೋಡಿದ ಹಾಗೆ. ಬಲಗೈಯವರು ಬಲದಿಂದ ಎಡಕ್ಕೆ ಹೋದರೆ ನಾನು ಎಡದಿಂದ ಬಲಕ್ಕೆ. ಅಷ್ಟೇ ವ್ಯತ್ಯಾಸ. ಇಪ್ಪತ್ತು ವರ್ಷದ ಹಿಂದೆ ನಾನು ಅಮ್ಮನ ಪಕ್ಕ ಕೂರುವ ಬದಲು ಎದುರು ಕೂತಿದ್ದರೆ ಸಾಕಾಗಿತ್ತು. ನಮ್ಮಿಬ್ಬರಿಗೂ ಅದು ತೋಚಿರಲಿಲ್ಲ.

ಅಮ್ಮ ಹೇಳಿಕೊಟ್ಟ ಶಾಲು ಇಷ್ಟು ಸುಲಭ. ಆರು ಚೈನು ಹಾಕಿ ಮೊದಲ ಚೈನಿಗೇ ಒಂದು ಸಿಂಗಲ್ ಹಾಕಿದರೆ ಒಂದು ಬಳೆ ಆಗುತ್ತೆ. ಅದು ಮೊದಲ ಸಾಲು. ತಿರುಗಿಸಿ, ಐದು ಚೈನು, ಬಳೆಯೊಳಗೆ ಒಂದು ಸಿಂಗಲ್. ಮತ್ತೆ ಐದು ಚೈನು, ಅದೇ ಬಳೆಯೊಳಗೆ ಇನ್ನೊಂದು ಸಿಂಗಲ್. ಈಗ ಎರಡು ಬಳೆ. ಹೀಗೇ ಪ್ರತಿ ಸಾಲಿನಲ್ಲೂ ಐದೈದು ಚೈನು ಹಾಕಿ ಕೆಳಗಿನ ಒಂದೊಂದು ಬಳೆಗೂ ಒಂದೊಂದು ಸಿಂಗಲ್. ಸಾಲಿನ ಕೊನೆಯ ಬಳೆಗೆ ಮಾತ್ರ ಎರಡು ಸಲ. ಪ್ರತಿ ಸಾಲಿಗೂ ಒಂದು ಬಳೆ ಹೆಚ್ಚುತ್ತಾ ತುದಿಯಿಂದ ತ್ರಿಕೋನ ಅಗಲವಾಗುತ್ತಾ ಹೋಗುತ್ತೆ.

ಈ ಸಲ ತಿಳಿಬಣ್ಣದ, ನುಣುಪಾದ, ಸಣ್ಣ ಎಳೆಯ ನಿಜವಾದ ಉಣ್ಣೆ ದಾರ ತಂದೆ. 4 ಮಿ.ಮೀ. ಕಡ್ಡಿ. ದಾರ ಸಣ್ಣದಾಗಿದ್ದು ಕಡ್ಡಿ ಸ್ವಲ್ಪ ದಪ್ಪ ಇದ್ದರೆ ಜಾಲರಿ ಸಡಿಲವಾಗಿ ಬೀಳುತ್ತೆ, ಇಲ್ಲದಿದ್ದರೆ ಗೋಣಿಚೀಲದ ಹಾಗೆ ಗಡುಸಾಗುತ್ತೆ. ನಾನಂತೂ ಮೊದಮೊದಲು ಕಡ್ಡಿಯೇ ತೂರದಷ್ಟು ಬಿಗಿಯಾಗಿ ಎಳೀತಿದ್ದೆ. "ದಾರದ ಕತ್ತು ಹಿಸುಕಬೇಡ ಕಣೇ, ಆಫೀಸಲ್ಲಿ ಯಾರ ಮೇಲೆ ಸಿಟ್ಟು?" ಅಂತ ಅಮ್ಮ ಕೇಳಿದಳು. ಯಾರ ಮೇಲೆ ಅಂತ ಹೇಳಲಿಲ್ಲ. ಆದರೆ ಕೈ ಸಡಿಲ ಬಿಟ್ಟೆ.

ಮೂವತ್ತೊಂದನೇ ಸಾಲಿನಲ್ಲಿ ತ್ರಿಕೋನ ಒಂದು ಕಡೆಗೆ ವಾಲಿತ್ತು. "ಬಳೆ ಎಣಿಸು" ಅಂದಳು. ಇಪ್ಪತ್ತೆಂಟು. ಎಷ್ಟನೇ ಸಾಲೋ ಅಷ್ಟೇ ಬಳೆ ಇರಬೇಕು. ಕೊನೆಯ ಬಳೆಗೆ ಎರಡನೇ ಸಲ ಹಾಕೋದನ್ನು ಮೂರು ಸಾಲಿನಲ್ಲಿ ಮರೆತಿದ್ದೆ. ಹದಿನೆಂಟನೇ ಸಾಲಿನವರೆಗೆ ಬಿಚ್ಚಬೇಕಾಯಿತು. ಕ್ರೋಶಾದಲ್ಲಿ ಒಂದು ಪುಣ್ಯ ಅಂದ್ರೆ ಕಡ್ಡಿಯ ಮೇಲೆ ಇರೋದು ಒಂದೇ ಕುಣಿಕೆ. ಸ್ವೆಟರ್ ಹೆಣಿಗೆಯ ಹಾಗೆ ಕಡ್ಡಿ ತುಂಬಾ ಕುಣಿಕೆಗಳಿಲ್ಲ, ಜಾರಿಹೋಗುವ ಭಯವಿಲ್ಲ. ಎಳೆದಷ್ಟು ಬಿಚ್ಚಿ, ಆ ಒಂದು ಕುಣಿಕೆಗೆ ಮತ್ತೆ ಕಡ್ಡಿ ಹಾಕಿದರೆ ಆಯಿತು.

ಹೀಗೆ ಭಾನುವಾರ ಭಾನುವಾರ ನಮ್ಮ ಕ್ಲಾಸು ನಡೆಯಿತು. ನಾಲ್ಕನೇ ಭಾನುವಾರ ನಾನು ದಾರ ನೋಡೋದು ಬಿಟ್ಟು ಅಮ್ಮನ ಕೈ ನೋಡಿದೆ. ಒಂದು ಸಾಲು ತೋರಿಸಿ ಕಡ್ಡಿ ಕೆಳಗಿಡುತ್ತಿದ್ದಳು. ಬಲಗೈ ಹೆಬ್ಬೆರಳಿನ ಬುಡವನ್ನು ಎಡಗೈಯಲ್ಲಿ ಒತ್ತುತ್ತಿದ್ದಳು.

"ಕೈಗೆ ಏನಾಯ್ತಮ್ಮ?"

"ಏನಿಲ್ಲ, ಛಳಿಗೆ."

"ಈ ಸಲ ಎಷ್ಟು ಸೀರೆ ಬಂದಿವೆ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಿಲ್ಲಿಸಿ ಆರು ತಿಂಗಳಾಯ್ತು ಪುಟ್ಟಿ. ಡಬ್ಬದ ಮುಚ್ಚಳ ತೆಗೆಯೋಕೂ ನಿಮ್ಮಪ್ಪನ್ನ ಕರೀಬೇಕು."

ದಿನಾ ಫೋನಿನಲ್ಲಿ ಊಟ ಆಯ್ತಾ, ತಿಂಡಿ ಏನು ಅಂತ ಕೇಳಿದ್ದೆ. ಇದನ್ನು ಕೇಳಿರಲಿಲ್ಲ.

ಮುಂದಿನ ಶನಿವಾರ ಊರಿಗೆ ಹೋಗಿ ಅವಳನ್ನು ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಕೇಳಿದರು: "ಏನು ಕೆಲಸ ಮಾಡ್ತೀರಮ್ಮ?" ಅಮ್ಮ ತಟ್ಟನೆ ಅಂದಳು: "ಏನಿಲ್ಲ ಸಾರ್, ಮನೇಲೇ ಇರ್ತೀನಿ."

ಸ್ಕೂಲಿನಿಂದ ಕಾಲೇಜಿನವರೆಗೆ ನಾನು ತುಂಬಿದ ಫಾರಂಗಳೆಲ್ಲ ನೆನಪಾದವು. ತಂದೆಯ ಉದ್ಯೋಗ: ಅಂಗಡಿ. ತಾಯಿಯ ಉದ್ಯೋಗ: ಗೃಹಿಣಿ. ಆ ಫಾರಂನ ಫೀಸು ಎಷ್ಟೋ ಸಲ ಕುಚ್ಚಿನ ದುಡ್ಡಿನಲ್ಲೇ ಕಟ್ಟಿದ್ದು. ಒಂದು ಸಲವೂ ನನ್ನ ಪೆನ್ನು ಬೇರೆ ಬರೆದಿರಲಿಲ್ಲ.

"ಇಪ್ಪತ್ತೆರಡು ವರ್ಷ ಸೀರೆ ಕುಚ್ಚು ಹಾಕಿದ್ದಾರೆ ಸಾರ್," ಅಂದೆ. "ಸೀಸನ್ನಲ್ಲಿ ದಿನಕ್ಕೆ ಆರೇಳು ಗಂಟೆ." ಡಾಕ್ಟರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. "ಅದನ್ನ ಮೊದಲು ಹೇಳ್ಬೇಕಲ್ವಾ?" ಅಂತ ಅಮ್ಮನ ಹೆಬ್ಬೆರಳನ್ನು ಮತ್ತೆ ತಿರುಗಿಸಿ ನೋಡಿದರು. ಬುಡದ ಕೀಲು ಸವೆದಿದೆ ಅಂದರು. ಹೆಬ್ಬೆರಳಿಗೆ ಪಟ್ಟಿ, ಬಿಸಿನೀರಿನ ಶಾಖ, ವ್ಯಾಯಾಮ, ಮತ್ತೆ ಗಂಟೆಗಟ್ಟಲೆ ಕಡ್ಡಿ ಹಿಡಿಯೋದು ಬೇಡ.

ವಾಪಸ್ ಬರುವಾಗ ರೈಲಿನಲ್ಲಿ ಫೋನಿನಲ್ಲಿ ಕ್ರೋಶಾ ಬಗ್ಗೆ ಓದುತ್ತಾ ಕೂತೆ. ಆಂಧ್ರದ ನರಸಾಪುರದ ಸುತ್ತಮುತ್ತ ಸಾವಿರಾರು ಹೆಂಗಸರು ಮನೆಯಲ್ಲೇ ಕೂತು ಕ್ರೋಶಾ ಲೇಸ್ ಹೆಣೆಯುತ್ತಾರೆ, ಅದು ವಿದೇಶಕ್ಕೆ ಹೋಗುತ್ತದೆ. ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ 1982ರಲ್ಲೇ ಅವರ ಬಗ್ಗೆ ಪುಸ್ತಕ ಬರೆದಿದ್ದಾರೆ. ದಿನವಿಡೀ ದುಡಿದರೂ ಅವರನ್ನು ಎಲ್ಲರೂ ಗೃಹಿಣಿಯರು ಅಂತಲೇ ಕರೆಯುತ್ತಾರೆ, ಕೆಲಸವನ್ನು ಬಿಡುವಿನ ವೇಳೆಯದು ಅಂತಾರೆ, ಅದಕ್ಕೇ ಕೂಲಿಯೂ ಅಷ್ಟು ಕಡಿಮೆ ಅನ್ನೋದು ಅದರ ಸಾರ. ಸಂಬಳದ ಲೆಕ್ಕ ನೋಡುವ ನಾನು ಅಮ್ಮನ ರಾತ್ರಿಗಳನ್ನು ಒಮ್ಮೆಯೂ ಗಂಟೆಗಳಾಗಿ ಎಣಿಸಿರಲಿಲ್ಲ.

ಎಪ್ಪತ್ತೆರಡನೇ ಸಾಲಿಗೆ ಶಾಲು ಮುಗಿಯಿತು. ಒಟ್ಟು 2,628 ಬಳೆ. ತೂಕ ನನ್ನ ಫೋನಿಗಿಂತ ಕಡಿಮೆ. ನೋಡೋಕೆ ಮಾತ್ರ ಮುದುಡಿದ ಮೀನಿನ ಬಲೆ. ಅಳುವ ಹಾಗಾಯಿತು. ಆದರೆ ಕೊನೆಯ ಕೆಲಸ ಇನ್ನೂ ಬಾಕಿ ಇತ್ತು. ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಹಾಸಿಗೆ ಮೇಲೆ ಒಣ ಟವೆಲ್ ಹಾಸಿ ತ್ರಿಕೋನವನ್ನು ಚೆನ್ನಾಗಿ ಎಳೆದು ಅಂಚಿಗೆಲ್ಲ ತುಕ್ಕು ಹಿಡಿಯದ ಪಿನ್ನು ಚುಚ್ಚಿದೆ. ಉಣ್ಣೆ ಒಣಗಿದ ಮೇಲೆ ಎಳೆದ ಆಕಾರದಲ್ಲೇ ನಿಲ್ಲುತ್ತೆ. ಅಕ್ರಿಲಿಕ್ ದಾರವಾದರೆ ಬರೀ ನೀರಿಗೆ ಹೀಗೆ ಮಾತು ಕೇಳಲ್ಲ. ಅವತ್ತು ರಾತ್ರಿ ನಾನು ನೆಲದ ಮೇಲೆ ಮಲಗಿದೆ. ಬೆಳಗ್ಗೆ ಪಿನ್ನು ತೆಗೆದಾಗ ಒಂದೊಂದು ಬಳೆಯೂ ಕಣ್ಣು ಬಿಟ್ಟಿತ್ತು.

ಧನುರ್ಮಾಸ ಮುಗಿಯೋಕೆ ಎಂಟು ದಿನ ಇರುವಾಗ ಊರಿಗೆ ಹೋಗಿ ಕೊಟ್ಟೆ. ಅಮ್ಮ ಶಾಲನ್ನು ಬೆಳಕಿಗೆ ಹಿಡಿದು ಅಂಚಿನುದ್ದಕ್ಕೂ ಕೈಯಾಡಿಸಿದಳು. "ನಲವತ್ತನೇ ಸಾಲಲ್ಲಿ ಒಂದು ಕಡೆ ನಾಲ್ಕೇ ಚೈನು ಹಾಕಿದೀಯ" ಅಂದಳು. ಇತ್ತು. ನನಗೆ ಗೊತ್ತೇ ಆಗಿರಲಿಲ್ಲ.

ಮರುದಿನ ಬೆಳಗಿನ ಜಾವ ದೇವಸ್ಥಾನಕ್ಕೆ ಜೊತೆಗೆ ಹೋದೆ. ಪೊಂಗಲ್ ಪ್ರಸಾದದ ಸಾಲಿನಲ್ಲಿ ಪಕ್ಕದ ಬೀದಿಯ ಆಂಟಿ ಶಾಲು ಮುಟ್ಟಿ ನೋಡಿ, "ನೀವೇ ಹಾಕಿದ್ದಾ? ಇನ್ನೂ ಕೈ ಓಡುತ್ತಲ್ಲ!" ಅಂದರು.

"ನಾನಲ್ಲಪ್ಪ, ನಮ್ಮ ಹುಡುಗಿ ಹಾಕಿದ್ದು," ಅಂದಳು ಅಮ್ಮ. ಆಮೇಲೆ ಶಾಲನ್ನು ಪಟ್ಟಿ ಕಟ್ಟಿದ ಕೈಯಲ್ಲಿ ಸರಿ ಮಾಡಿಕೊಂಡು ಸೇರಿಸಿದಳು: "ಎಡಗೈಲಿ."